ಭಾವನ ಬಸ್ಸಿನಲ್ಲಿ ನೆಂಟರಿಲ್ಲ

ದೊಡ್ಡಬಳ್ಳಾಪುರದಿಂದ ನೆಲಮಂಗಲದವರೆಗೆ ನಮ್ಮ ಭಾವನ ಬಾಯಲ್ಲಿ ಬೈಸಿಕೊಳ್ಳದವರು ಯಾರಾದರೂ ಇದ್ದರೆ, ಒಂದೋ ಅವರ ಮನೆಯಲ್ಲಿ ಕಾರಿರಬೇಕು, ಇಲ್ಲವೇ ಅವರು ಇನ್ನೂ ಹುಟ್ಟಿರಬಾರದು! ಭಾವ ಎಂದರೆ ನನ್ನ ಅಕ್ಕನ ಗಂಡ, ಸರ್ಕಾರಿ ಬಸ್ಸಿನ ಕಂಡಕ್ಟರು. ಇಪ್ಪತ್ತೆರಡು ವರ್ಷ ಅದೇ ರಸ್ತೆಯಲ್ಲಿ ಅದೇ ಜನರನ್ನು ಬೈಯುತ್ತಾ ಹೋಗಿ, ಬೈಯುತ್ತಾ ವಾಪಸ್ಸು ಬಂದವರು. ಅದನ್ನು ಜಗಳ ಎನ್ನುವ ಹಾಗಿಲ್ಲ. ಜಗಳಕ್ಕೆ ಇಬ್ಬರಾದರೂ ಬೇಕು, ಭಾವನಿಗೆ ಎರಡನೆಯವರ ಅಗತ್ಯವೇ ಬೀಳುತ್ತಿರಲಿಲ್ಲ.

ಬಸ್ಸಿನ ಹಣೆಯ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ ನೆಲಮಂಗಲ ಎಂದು ಬರೆದಿರುತ್ತದೆ. ಆದರೂ ಯಾರೋ ಒಬ್ಬರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ನೆಲಮಂಗಲಕ್ಕೆ ಹೋಗುತ್ತೇನ್ರೀ?" ಎಂದು ಕೇಳಿಯೇ ಕೇಳುತ್ತಾರೆ. "ಇಲ್ಲ ಸ್ವಾಮಿ, ಕಾಶಿಗೆ ಹೋಗುತ್ತೆ. ಬೋರ್ಡು ಚೆಂದಕ್ಕೆ ಹಾಕಿದೀವಿ. ಹತ್ತಿ ಹತ್ತಿ!" ಬಾಗಿಲಲ್ಲಿ ನೇತಾಡುವ ಕಾಲೇಜು ಹುಡುಗರಿಗೆ, "ಒಳಕ್ಕೆ ಬರ್ರೋ, ತೋರಣ ಕಟ್ದಂಗೆ ನಿಂತಿದೀರಲ್ಲ, ಬಸ್ಸಿಗೇನು ಮದುವೆನಾ?" ಕಿವಿಗೆ ಫೋನು ಒತ್ತಿಕೊಂಡು, ಟಿಕೆಟ್ ಎಂದರೆ ಬೆರಳಲ್ಲಿ ಸನ್ನೆ ಮಾಡುವವರನ್ನು ಕಂಡರಂತೂ ಮುಗಿದೇ ಹೋಯಿತು. "ಬಾಯಿ ಬಿಟ್ಟು ಹೇಳ್ರೀ, ಎಲ್ಲಿಗೆ? ಬಾಯಿಲ್ವಾ? ನನಗೇನು ಕನಸು ಬೀಳುತ್ತಾ?"

ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಭಾವನ ಬಾಯಿಗೆ ಹೊಸ ಸರಕು ಸಿಕ್ಕಿತು. ಆಧಾರ್ ಕಾರ್ಡು ನೋಡಬೇಕಲ್ಲ! ಕಾರ್ಡನ್ನು ನೋಡಿ, ಮುಖ ನೋಡಿ, ಮತ್ತೆ ಕಾರ್ಡು ನೋಡಿ, "ಈ ಫೋಟೋದಲ್ಲಿರೋರು ಎಲ್ಲಿ ಇಳಿದ್ರು?" ಎಂದು ಕೇಳುತ್ತಿದ್ದರು. ಒಂದು ದಿನ ಒಬ್ಬ ಅಜ್ಜಿ ಚೀಲದಲ್ಲಿ ಕೋಳಿ ಇಟ್ಟುಕೊಂಡು ಹತ್ತಿದಳು. ನಮ್ಮ ಬಸ್ಸುಗಳಲ್ಲಿ ಕೋಳಿಗೂ ಟಿಕೆಟ್ ಉಂಟು. ಭಾವ ಮಿಷನ್ನು ಒತ್ತಲು ಹೊರಟರೆ ಅಜ್ಜಿ ಗಟ್ಟಿಯಾಗಿ ತಡೆದಳು. "ಹೆಂಗಸ್ರಿಗೆ ಫ್ರೀ ಅಲ್ವೇನಪ್ಪಾ? ಇದು ಹೇಂಟೆ ಕಣಪ್ಪ!" ಇಡೀ ಬಸ್ಸು ನಕ್ಕಿತು. ಭಾವ ಮಾತ್ರ ನಗದೆ, "ಹಂಗಾದ್ರೆ ಅದರ ಆಧಾರ್ ಕಾರ್ಡ್ ತೆಗಿ" ಎಂದರು. ಅಷ್ಟರಲ್ಲಿ ಚೀಲದೊಳಗಿನ ಹೇಂಟೆ ಕತ್ತು ಹೊರಗೆ ಹಾಕಿ ಜೋರಾಗಿ ಕೊಕ್ಕೊಕ್ಕೋ ಎಂದು ಕೂಗಿಬಿಟ್ಟಿತು! ಅಜ್ಜಿ ಹುಂಜದ ತಲೆಗೆ ಒಂದು ಮೊಟಕಿ, "ಹಾಳಾದ್ದು, ಬಾಯಿ ಮುಚ್ಕೊಂಡಿರು ಅಂದ್ರೆ ಕೇಳಲ್ಲ" ಎಂದು ದುಡ್ಡು ತೆಗೆದಳು.

ಇಷ್ಟೆಲ್ಲಾ ಬೈಯುವವರು ಎಂದಾದರೂ ಯಾರನ್ನಾದರೂ ಬಿಟ್ಟು ಬಂದಿದ್ದಾರೆಯೇ? ಅದಿಲ್ಲ. ದೂರದಲ್ಲಿ ಸ್ಕೂಲ್ ಬ್ಯಾಗ್ ಕುಣಿಸುತ್ತಾ ಓಡಿ ಬರುವ ಹುಡುಗಿಯರನ್ನು ಕಂಡರೆ ಬಸ್ಸು ನಿಲ್ಲಿಸಿಕೊಂಡೇ ಇರುತ್ತಿದ್ದರು. ಅವರು ಹತ್ತಿದ ಮೇಲೆ, "ನಿಮ್ಮಪ್ಪನ ಬಸ್ಸಾ ಇದು, ನಿಮಗೋಸ್ಕರ ಕಾಯೋಕೆ?" ಎಂದು ರೇಗುತ್ತಿದ್ದರು. ಕಾದ ಮೇಲೆ ರೇಗುತ್ತಿದ್ದರು ಎಂಬುದನ್ನು ಯಾರೂ ಗಮನಿಸುತ್ತಿರಲಿಲ್ಲ. ನಾನೂ ಗಮನಿಸಲಿಲ್ಲ.

ಮನೆಯೂ ಭಾವನಿಗೆ ಬಸ್ಸೇ. ಕಂಡಕ್ಟರುಗಳು ಬಸ್ಸಿನ ಮೈಗೆ ಕೈಯಲ್ಲಿ ಬಡಿಯುತ್ತಾರಲ್ಲ, ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ಹೊರಡು ಎಂದು, ಅದು ನಮ್ಮ ಮನೆಯ ಕಾನೂನೂ ಆಗಿತ್ತು. ಅಕ್ಕ ಸಾರು ಬಡಿಸುವಾಗ ತಟ್ಟೆಯ ಅಂಚಿಗೆ ಒಂದು ಬಡಿತ ಬಿದ್ದರೆ ಸಾಕು ಎಂದು, ಎರಡು ಬಿದ್ದರೆ ಇನ್ನೂ ಹಾಕು ಎಂದು. ನೆಂಟರ ಮದುವೆಯೊಂದರಲ್ಲಿ, ಉಣ್ಣುವವರ ಕುರ್ಚಿ ಹಿಡಿದು ಹಿಂದೆ ನಿಂತಿದ್ದ ಮುಂದಿನ ಪಂಕ್ತಿಯವರನ್ನು ಕಂಡು ಭಾವನಿಗೆ ತಡೆಯಲಾಗಲಿಲ್ಲ. "ಇಳಿಯೋರಿಗೆ ಮೊದಲು ಜಾಗ ಬಿಡ್ರೀ! ಏ ಅಣ್ಣ, ಅವರಿನ್ನೂ ಪಾಯಸ ಕುಡೀತಾ ಇದಾರೆ, ಟವಲ್ ಎತ್ಕೋ!" ಎಂದು ಊಟದ ಮನೆಯನ್ನೇ ವಹಿಸಿಕೊಂಡರು. ಊಟ ಅರ್ಧ ಗಂಟೆ ಮೊದಲೇ ಮುಗಿಯಿತು. ಆ ಮನೆಯವರು ತಮ್ಮ ಎರಡನೆಯ ಮಗಳ ಮದುವೆಗೆ ನಮ್ಮನ್ನು ಕರೆಯಲಿಲ್ಲ.

ಅಮ್ಮ ತೀರಿಕೊಂಡಾಗ ನಾನು ಐದನೇ ಕ್ಲಾಸು. ಅಕ್ಕನ ಜೊತೆ, ಇದೇ ಬಸ್ಸಿನ ದಾರಿಯಲ್ಲಿರುವ ಮಧುರೆಗೆ ಬಂದವಳು ಇವತ್ತಿಗೂ ಅವರ ಮನೆಯಲ್ಲೇ ಇದ್ದೇನೆ. ಪಿಯುಸಿಯಲ್ಲಿ ಫೇಲಾಗಿ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದ ದಿನ, ಅಕ್ಕ ಕರೆದರೂ ಏಳಲಿಲ್ಲ. ಡ್ಯೂಟಿ ಮುಗಿಸಿ ಬಂದ ಭಾವ ಬಾಗಿಲಿಗೆ ಎರಡು ಸಲ ಬಡಿದರು. "ಏಳು ಪುಟ್ಟಿ. ಸ್ಟಾಪ್ ತಪ್ಪೋಯ್ತು ಅಂತ ಯಾರಾದ್ರೂ ಬಸ್ಸಲ್ಲೇ ಸಂಸಾರ ಹೂಡ್ತಾರಾ? ರೈಟ್ ರೈಟ್!" ನಾನು ಅಳುತ್ತಲೇ ನಕ್ಕು ಬಾಗಿಲು ತೆಗೆದೆ. ಮರುವರ್ಷ ಪಾಸಾದೆ, ಡಿಗ್ರಿಯೂ ಆಯಿತು, ನೆಲಮಂಗಲದ ಗೋದಾಮೊಂದರ ಆಫೀಸಿನಲ್ಲಿ ಕೆಲಸವೂ ಸಿಕ್ಕಿತು.

ಕೆಲಸಕ್ಕೆ ಹೋಗಲು ಇದ್ದದ್ದು ಭಾವನ ಬಸ್ಸೇ. ಮೊದಲ ದಿನದ ಬೆಳಿಗ್ಗೆ ಅವರು ಶೂ ಕಟ್ಟಿಕೊಳ್ಳುತ್ತಿರುವಾಗ ಹೇಳಿದೆ. "ಭಾವ, ಬಸ್ಸಲ್ಲಿ ನನ್ನ ಮಾತಾಡಿಸಬೇಡಿ."

"ಯಾಕಮ್ಮಾ?"

"ನಮ್ಮ ಆಫೀಸಿನೋರೂ ಬರ್ತಾರೆ. ನೀವು ಎಲ್ರಿಗೂ ಬೈತೀರಾ... ನಂಗೊಂಥರಾ ಆಗುತ್ತೆ."

ಭಾವ ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು. ಆಮೇಲೆ ನಕ್ಕರು. "ಅಷ್ಟೇನಾ? ಬಿಡು, ನನ್ನ ಬಸ್ಸಲ್ಲಿ ನನಗೆ ಯಾರೂ ನೆಂಟರಿಲ್ಲ."

ಮಾತು ಎಂದರೆ ಮಾತು! ಅವತ್ತಿನಿಂದ ಮನೆಯಲ್ಲಿ ಪುಟ್ಟಿ, ಬಸ್ಸಿನಲ್ಲಿ ಮೇಡಂ. ಅಕ್ಕ ಕಟ್ಟಿಕೊಟ್ಟ ಒಂದೇ ಥರದ ಚಿತ್ರಾನ್ನ ಇಬ್ಬರ ಚೀಲದಲ್ಲೂ ಇರುತ್ತಿತ್ತು, ಆದರೂ ಭಾವ ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಮುಂದಕ್ಕೆ ಹೋಗಿ ಮೇಡಂ, ಬಾಗಿಲಲ್ಲೇನು ಪೂಜೆ ಮಾಡಿಸ್ತೀರಾ?" ಎಂದು ಎಲ್ಲರಿಗಿಂತ ಒಂದು ಕೈ ಹೆಚ್ಚೇ ಬೈಯುತ್ತಿದ್ದರು. ಪಕ್ಕದಲ್ಲಿ ಕೂರುತ್ತಿದ್ದ ನನ್ನ ಆಫೀಸಿನ ಗೆಳತಿ, "ಈ ಕಂಡಕ್ಟರ್ ಹೆಂಡ್ತಿ ಹೆಂಗೆ ಬಾಳ್ತಾಳೋ!" ಎಂದು ಅಕ್ಕನಿಗಾಗಿ ಮರುಗುತ್ತಿದ್ದಳು. ನಾನೂ ಜೊತೆಗೆ ಮರುಗಿದೆ. ಎಂಥ ನಟನೆ ನನ್ನದು!

ಇಲ್ಲಿಯವರೆಗೆ ನಗುತ್ತಾ ಬರೆದೆ. ಇನ್ನು ಮುಂದಿನದನ್ನು ನಗುತ್ತಾ ಬರೆಯಲು ನನಗೆ ಆಗುವುದಿಲ್ಲ.

ಅದೊಂದು ಸೋಮವಾರ, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸುರಿ ಹೆಂಗಸೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ಹೆಂಗಸರ ಸೀಟಿನಲ್ಲಿ ಒಬ್ಬ ಯುವಕ, ಇಸ್ತ್ರಿ ಮಾಡಿದ ಶರಟು, ಕಿವಿಗೆ ವೈರು. ಭಾವ ಅವನ ಭುಜ ತಟ್ಟಿ, "ಏಳಪ್ಪಾ ಮದುಮಗನೇ, ಧಾರೆ ಮುಗೀತು. ಆಯಮ್ಮ ಕೂತ್ಕೊಳ್ಳಲಿ" ಎಂದರು. ಅಷ್ಟಕ್ಕೇ ಅವನು ಎದ್ದು ಭಾವನ ಕಾಲರು ಹಿಡಿದುಕೊಂಡ. "ಯಾರಿಗೆ ಹೇಳ್ತಾ ಇದೀಯ ನೀನು? ನಮ್ಮ ದುಡ್ಡಲ್ಲಿ ಸಂಬಳ ತಿಂದು ನಮಗೇ ರೋಪ್ ಹಾಕ್ತೀಯಾ?" ಎಂದು ಕೆನ್ನೆಗೆ ಹೊಡೆದ. ಶರಟಿನ ಗುಂಡಿ ಕಿತ್ತು ಬಿತ್ತು, ಎದೆಯ ಮೇಲಿನ ಬ್ಯಾಡ್ಜೂ ಕಳಚಿ ಬಿತ್ತು. ಬಿಡಿಸಲು ಒಂದು ಕೈಯೂ ಮುಂದೆ ಬರಲಿಲ್ಲ. ವಿಡಿಯೋ ಮಾಡಲು ಮಾತ್ರ ಹತ್ತು ಕೈ ಮೇಲೆದ್ದವು.

"ಹಂಗೇ ಆಗಬೇಕು ಬಿಡೇ" ಎಂದಳು ನನ್ನ ಗೆಳತಿ, "ದಿನಾ ಎಷ್ಟು ಬೈತಾನೆ ಎಲ್ರಿಗೂ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, "ಹೂಂ" ಎಂದೆ.

ಅದೇ ನಾನು ಆಡಿದ್ದು. ಹೂಂ. ನನ್ನ ಸ್ಕೂಲ್ ಫೀಜು ಕಟ್ಟಿದ ಮನುಷ್ಯ ಎರಡು ಮಾರು ದೂರದಲ್ಲಿ ಏಟು ತಿಂದು ನಿಂತಿದ್ದರೆ ನನ್ನ ಬಾಯಿಂದ ಬಂದದ್ದು ಅಷ್ಟು.

ಬ್ಯಾಡ್ಜು ಉರುಳಿ ನನ್ನ ಸೀಟಿನ ಕೆಳಗೆ ಬಂದಿತ್ತು. ಭಾವ ಬಂದು ಬಗ್ಗಿದರು. ನನ್ನ ಮುಖ ನೋಡಲಿಲ್ಲ. "ಕಾಲು ಸ್ವಲ್ಪ ತೆಗೀರಿ ಮೇಡಂ" ಎಂದರು, ಬಹಳ ಮೆಲ್ಲಗೆ. ಅಷ್ಟು ವರ್ಷಗಳಲ್ಲಿ ಆ ಬಸ್ಸಿನಲ್ಲಿ ಅವರು ಯಾರೊಂದಿಗಾದರೂ ಅಷ್ಟು ಮರ್ಯಾದೆಯಿಂದ ಮಾತಾಡಿದ್ದು ನನಗೆ ನೆನಪಿಲ್ಲ.

ಸಂಜೆ ಅಕ್ಕ ಗುಂಡಿ ಹೊಲಿಯುತ್ತಾ, "ಏನಾಯ್ತ್ರೀ ಇದಕ್ಕೆ?" ಎಂದಳು. "ಬಾಗಿಲಿಗೆ ಸಿಕ್ಕಾಕ್ಕೊಂಡು ಕಿತ್ತೋಯ್ತು" ಎಂದರು ಭಾವ. ಅಕ್ಕ ನನ್ನ ಕಡೆ ತಿರುಗಿ, "ನೀನೂ ಅದೇ ಬಸ್ಸಲ್ಲಿ ಇದ್ಯಲ್ಲೇ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಭಾವ ಹೇಳಿದರು. "ಇಲ್ಲ ಕಣೇ, ಇವತ್ತು ಪುಟ್ಟಿ ಹಿಂದಿನ ಬಸ್ಸಿಗೆ ಬಂದ್ಲು." ನಾನು ಎದ್ದು ಹಿತ್ತಲಿಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಂಡೆ. ಕ್ಷಮಿಸಿ ಎನ್ನುವುದು ಮೂರಕ್ಷರದ ಮಾತು, ತಿಂಗಳುಗಳು ಕಳೆದರೂ ನನ್ನ ಬಾಯಿಂದ ಹೊರಡಲಿಲ್ಲ.

ಅಷ್ಟರಲ್ಲಿ ಭಾವನ ದನಿ ಒಡೆಯಿತು. ಕಂಡಕ್ಟರ ಗಂಟಲು, ಕೂಗಿ ಕೂಗಿ ಹಾಗಾಗಿದೆ ಎಂದು ಎಲ್ಲರೂ ಅಂದುಕೊಂಡೆವು. ಭಾವನೂ, "ಪ್ಯಾಸೆಂಜರುಗಳ ಶಾಪ" ಎಂದು ನಗುತ್ತಾ ಶುಂಠಿ ಕಷಾಯ ಕುಡಿದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಅದು ಕ್ಯಾನ್ಸರ್ ಎಂದು ತಿಳಿಯಿತು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನು ತೆಗೆಯಲೇಬೇಕು ಎಂದರು ಡಾಕ್ಟರು. ತೆಗೆದರು. ಈಗ ಭಾವ ಉಸಿರಾಡುವುದು ಕತ್ತಿನಲ್ಲಿರುವ ಒಂದು ತೂತಿನಿಂದ. ಅಕ್ಕ ಅದರ ಮೇಲೆ ಕಟ್ಟಲು ಹಳೆಯ ಮಲ್ ಪಂಚೆಯಿಂದ ಪುಟ್ಟ ಪುಟ್ಟ ಬಟ್ಟೆಗಳನ್ನು ಹೊಲಿದಿಟ್ಟಿದ್ದಾಳೆ.

ಮನೆಗೆ ಬಂದ ಮೂರನೆಯ ದಿನ ಭಾವ ಗೂಟದಲ್ಲಿದ್ದ ಖಾಕಿ ಶರಟಿನ ಜೇಬಿನಿಂದ ವಿಷಲ್ ತೆಗೆದು ಬಾಯಿಗಿಟ್ಟುಕೊಂಡರು. ಕೆನ್ನೆ ಉಬ್ಬಿತು, ಸದ್ದು ಬರಲಿಲ್ಲ. ಉಸಿರು ಬಾಯಿಗೆ ಬಂದರಲ್ಲವೇ? ಕತ್ತಿನ ಬಟ್ಟೆ ಮಾತ್ರ ಸ್ವಲ್ಪ ಅಲುಗಿತು. ಅವರು ವಿಷಲನ್ನು ಶರಟಿನಲ್ಲಿ ಒರೆಸಿ ಮತ್ತೆ ಅದೇ ಜೇಬಿಗೆ ಹಾಕಿದರು. ಅಕ್ಕ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಆಮೇಲಿಂದ ಮನೆಯಲ್ಲಿ ಉಳಿದದ್ದು ಬಡಿತಗಳಷ್ಟೇ. ಸಾಕು, ಬೇಡ ಎಂದರೆ ಒಂದು, ಆಗಲಿ ಎಂದರೆ ಎರಡು. ಸ್ಲೇಟಿನಲ್ಲಿ ಬರೆಯಬಹುದಿತ್ತು, ಬೈಗುಳವನ್ನು ಬರೆಯುವಷ್ಟರಲ್ಲಿ ಅದರ ಕಾವೇ ಆರಿಹೋಗುತ್ತದಲ್ಲ! ಹಾಗಾಗಿ ಬಾಗಿಲಲ್ಲಿ ಅಡ್ಡ ನಿಂತ ಬೆಕ್ಕನ್ನೂ ಈಗ ಭಾವ ಬೈಯುವುದಿಲ್ಲ.

ಹೋದ ತಿಂಗಳು ಚೆಕಪ್ಪಿಗೆ ಅವರನ್ನು ಕರೆದುಕೊಂಡು ಹೋಗಲು ನಾನು ರಜೆ ಹಾಕಿದೆ. ನೆಲಮಂಗಲದವರೆಗೆ ಆಟೋ ಮಾಡೋಣ ಎಂದರೆ ಒಂದೇ ಬಡಿತ. ಬಸ್ಸೇ ಆಗಬೇಕು, ಅದೂ ಅವರ ಬಸ್ಸೇ. ಮಧುರೆಯ ಸ್ಟಾಪಿನಲ್ಲಿ ನೂಕುನುಗ್ಗಲು. ನಾನು ಮುಂದಿನ ಬಾಗಿಲಲ್ಲಿ ಹತ್ತಿ ಹೆಂಗಸರ ಮಧ್ಯೆ ಸಿಕ್ಕಿಕೊಂಡೆ, ಭಾವ ಹಿಂದಿನ ಬಾಗಿಲಲ್ಲಿ ಹತ್ತಿದರು. ಅವರ ಡಿಪೋದ ಗುರುತಿನ ಕಾರ್ಡು, ಸ್ಲೇಟು ಎರಡೂ ನನ್ನ ಬ್ಯಾಗಿನಲ್ಲಿ ಉಳಿದವು. ಕಂಡಕ್ಟರು ಹೊಸಬ, ಬೇರೆ ಊರಿನಿಂದ ವರ್ಗವಾಗಿ ಬಂದ ಯುವಕ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಾಗ ಹಿಂದಿನಿಂದ ಅವನ ದನಿ ಕೇಳಿಸಿತು.

"ಎಲ್ಲಿಗ್ರೀ? ಏನು ಕೈಸನ್ನೆ ಮಾಡ್ತೀರಾ? ಬಾಯಿ ಬಿಟ್ಟು ಹೇಳ್ರೀ! ಬಾಯಿಲ್ವಾ?"

ನಾನು ತಿರುಗಿ ನೋಡಿದೆ. ಭಾವ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ನನ್ನ ಕಡೆ ತೋರಿಸಲು ಎತ್ತಿದ್ದರು. ಅಷ್ಟರಲ್ಲಿ ನನ್ನ ಸುತ್ತ ಆಫೀಸಿನವರು ನಿಂತಿರುವುದು ಕಂಡಿತೋ ಏನೋ, ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿಬಿಟ್ಟರು. ಅವರ ಬಸ್ಸಿನಲ್ಲಿ ಅವರಿಗೆ ನೆಂಟರಿಲ್ಲವಲ್ಲ! ದನಿ ಹೋದ ಮೇಲೂ ಭಾವ ನನಗೆ ಕೊಟ್ಟ ಮಾತನ್ನು ಉಳಿಸಿಕೊಂಡು ನಿಂತಿದ್ದರು.

ನಾನು ಯಾರ ಕಾಲು ತುಳಿದೆನೋ, ಯಾರ ಬುತ್ತಿಯ ಚೀಲ ಉರುಳಿಸಿದೆನೋ ಗೊತ್ತಿಲ್ಲ. "ಜಾಗ ಬಿಡ್ರೀ! ತೋರಣ ಕಟ್ದಂಗೆ ನಿಂತಿದೀರಲ್ಲ!" ಎಂದು ಅರಚುತ್ತಾ ಹಿಂದಕ್ಕೆ ನುಗ್ಗಿದೆ. "ಅವ್ರು ನಮ್ಮ ಭಾವ ಕಣ್ರೀ! ಈ ಬಸ್ಸಿನ ಕಂಡಕ್ಟರ್ ಅವ್ರು! ಗಂಟಲು ನೋಡ್ರೀ, ಕಣ್ಣಿಲ್ವಾ ನಿಮಗೆ? ನಮ್ಮ ಭಾವ ಅವ್ರು!" ಎಷ್ಟು ಸಲ ಹಾಗೆಂದೆನೋ ಲೆಕ್ಕವಿಲ್ಲ. ಬಸ್ಸಿನ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ನನ್ನ ಗೆಳತಿ ಬಾಯಿ ತೆರೆದು ನೋಡುತ್ತಿದ್ದಳು. ಕಿಟಕಿಯ ಪಕ್ಕದಿಂದ ಒಂದು ಮುದಿ ದನಿ ಮಾತ್ರ ಎದ್ದಿತು. "ಅಯ್ಯೋ ಶಿವನೇ, ನನ್ನ ಹುಂಜಕ್ಕೆ ಟಿಕೆಟ್ ಹರಿದೋನಲ್ವಾ ಇವ್ನು? ಬಾಯಿಗೇನಾಯ್ತಪ್ಪಾ ನಿಂಗೆ?" ಎನ್ನುತ್ತಾ ಅಜ್ಜಿ ಎದ್ದು ಭಾವನನ್ನು ಕೈಹಿಡಿದು ತನ್ನ ಸೀಟಿನಲ್ಲಿ ಕೂರಿಸಿದಳು. ಅವಳ ಪಕ್ಕದವರು ನನಗೆ ಜಾಗ ಬಿಟ್ಟು ಎದ್ದರು.

ಹೊಸ ಕಂಡಕ್ಟರನ ಮುಖ ಬಿಳಿಚಿಕೊಂಡಿತ್ತು. "ಗೊತ್ತಾಗ್ಲಿಲ್ಲ ಸಾರ್, ತಪ್ಪಾಯ್ತು" ಎಂದು ಕೈಮುಗಿದ. ಭಾವ ಅವನ ಕೈ ಬಿಡಿಸಿ, ಅವನ ಎದೆಯ ಮೇಲೆ ವಾಲಿದ್ದ ಬ್ಯಾಡ್ಜನ್ನು ನೆಟ್ಟಗೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, ಅವನಿಗೇಕೆ ಬೈದೆ ಎಂಬಂತೆ ಕಣ್ಣು ಬಿಟ್ಟರು.

ನಾನು ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದುಕೊಂಡೆ. ಎಲ್ಲರೂ ನೋಡುತ್ತಿದ್ದರು, ನೋಡಲಿ. "ಭಾವ, ಅವತ್ತು ಆ ಇಸ್ತ್ರಿ ಶರಟಿನೋನು ನಿಮಗೆ ಹೊಡೆದಾಗ ನಾನು ಇದೇ ಬಸ್ಸಲ್ಲಿದ್ದೆ. ನಾನು ಏಳ್ಲಿಲ್ಲ ಭಾವ. ಹೂಂ ಅಂದ್ಬಿಟ್ಟೆ. ತಪ್ಪಾಯ್ತು ಭಾವ" ಎಂದೆ. ಇನ್ನೂ ಏನೇನೋ ಹೇಳಲು ಹೊರಟೆ, ಅಳು ಬಿಡಲಿಲ್ಲ.

ಭಾವ ನನ್ನನ್ನೇ ನೋಡಿದರು. ಆಮೇಲೆ ಕೈ ಬಿಡಿಸಿಕೊಂಡು, ಕಿಟಕಿಯ ಕಂಬಿಗೆ ಗಟ್ಟಿಯಾಗಿ ಎರಡು ಸಲ ಬಡಿದರು.

ಡ್ರೈವರು ಹಳಬ. ಎಷ್ಟೋ ವರ್ಷ ಕೇಳಿದ ಬಡಿತ ಅದು. ನನಗೆ ಹೇಳಿದ್ದನ್ನು ತನಗೇ ಹೇಳಿದ್ದೆಂದುಕೊಂಡು, ಹೊಸ ಕಂಡಕ್ಟರ ವಿಷಲಿಗೂ ಕಾಯದೆ ಬಸ್ಸು ಹೊರಡಿಸಿಬಿಟ್ಟ.