ಮಾವನ ಹಲಸಿನ ಸ್ಪೀಕರು

ನಮ್ಮ ಸೋದರಮಾವನ ಮನೆಯಲ್ಲಿ ನಿಮಗೆ ಕೂರಲು ಕುರ್ಚಿ ಸಿಗುವುದಿಲ್ಲ, ಸ್ಪೀಕರ್ ಸಿಗುತ್ತದೆ! ಮಂಕಿ ಎಂಬ ಊರಿನ ಆ ಜಗಲಿಯಲ್ಲಿ ನಾನು ಕುಡಿದ ಚಹಾ ಎಲ್ಲ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತೇ ಕುಡಿದದ್ದು. ಅದರಲ್ಲೂ ಎಡಗಡೆಯದರ ಮೇಲೆ ಕೂತರೆ, “ಏಳ್, ಏಳ್, ಅದು ಹೊಸದು” ಎಂದು ಎಬ್ಬಿಸುತ್ತಾನೆ. ಹೊಸದು ಎಂದರೆ ಮಾವನ ಲೆಕ್ಕದಲ್ಲಿ, ಬೇರೆಯವರ ಮನೆಯಲ್ಲಿ ಹತ್ತು ವರ್ಷ ಬಾಳಿ ಬಂದದ್ದು.

ಹೊನ್ನಾವರದ ಒಂದು ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ಗರಗಸದ ಮುಂದೆ ನಿಂತವನು ಅವನು. ಸಂಬಳವೋ, ಹಾಸಿದರೆ ಹೊದೆಯಲಿಕ್ಕಿಲ್ಲ. ಶೋಕಿ ಮಾತ್ರ ಸ್ಟೀರಿಯೋದ್ದು! ಹಾಗಾಗಿ ಯಾರದೋ ಮನೆಯ ಅಟ್ಟದಿಂದ ಇಳಿದ ಸಾಮಾನು ಇವನ ಮನೆಗೆ ಏರುತ್ತಿತ್ತು. ಭಟ್ಕಳದಲ್ಲಿ ಗಲ್ಫಿನಿಂದ ಬಂದ ಒಬ್ಬರು ಮನೆ ಬದಲಾಯಿಸುವಾಗ ಆಂಪ್ಲಿಫೈಯರ್ ಮಾರುತ್ತಾರೆ ಎಂದು ತಿಳಿದದ್ದೇ ತಡ, ಓಡಿದ. ಅದನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ನಾನು ಪಕ್ಕದಲ್ಲೇ ಇದ್ದೆ, ಆದರೆ ಪರಿಚಯವಿಲ್ಲದವನ ಹಾಗೆ ಕಿಟಕಿ ನೋಡುತ್ತಿದ್ದೆ.

“ಇದಕ್ಕೆ ಲಗೇಜ್ ಟಿಕೆಟ್ ತಗೊಳ್ಳಿ” ಎಂದ ಕಂಡಕ್ಟರ್.

“ತೊಡೆ ಮೇಲೆ ಕೂತದ್ದಕ್ಕೆ ಎಂತಕ್ಕೆ ಟಿಕೆಟು? ಇದಕ್ಕಿನ್ನೂ ಆರು ವರ್ಷ ತುಂಬ್ಲಿಲ್ಲ!”

ಸ್ಪೀಕರಿನ ಕತೆ ಇದಕ್ಕಿಂತ ದೊಡ್ಡದು. ಕುಮಟೆಯಲ್ಲಿ ಮದುವೆ ಮನೆಗಳಿಗೆ ಮೈಕ್ ಕಟ್ಟುತ್ತಿದ್ದವರೊಬ್ಬರು ಅಂಗಡಿ ಮುಚ್ಚಿದಾಗ ಸ್ಪೀಕರಿನ ಒಳಗಿನ ಸಾಮಾನು ಹೊತ್ತು ತಂದ. ಪೆಟ್ಟಿಗೆಗೆ ಮಿಲ್ಲಿನಲ್ಲಿ ಉಳಿದ ಹಲಸಿನ ಹಲಗೆ. ಒಳಗೆ ಸದ್ದು ಗುಂಯ್ ಎನ್ನಬಾರದೆಂದು ತುಂಬಿದ್ದು ತೆಂಗಿನ ನಾರು. ಇಷ್ಟು ಮೆತ್ತಗಿನ ಮನೆ ಖಾಲಿ ಉಳಿದೀತೇ? ಎಡಗಡೆಯ ಪೆಟ್ಟಿಗೆಯಲ್ಲಿ ಇಲಿ ಮರಿ ಹಾಕಿತು. ಮರಿ ಕಣ್ಣು ಬಿಡುವ ತನಕ ಮಾವ ಬಲಗಡೆಯದನ್ನು ಮಾತ್ರ ಹಾಕಿದ, ಅದೂ ಮೆಲ್ಲಗೆ. “ಬಾಳಂತಿ ಇದ್ದಾಳೆ” ಎಂದು ಬಂದವರಿಗೆಲ್ಲ ಹೇಳಿದ. ಪಕ್ಕದ ಮನೆಯ ಕೊಂಕಣಿ ಅಮ್ಮನವರು ಗಾಬರಿಯಿಂದ ಅತ್ತೆಯ ಮುಖ ನೋಡಿದರು!

ಆಮೇಲೆ ಶುರುವಾಯಿತು ತಾಳದ ಗಲಾಟೆ. ಯಕ್ಷಗಾನದ ಕ್ಯಾಸೆಟ್ ಹಾಕಿ ಮಾವ ಕೇಳುತ್ತಿದ್ದ, “ಮದ್ದಳೆ ಸರಿ ಉಂಟು. ತಾಳ ಎಲ್ಲಿ ಹೋತು?” ಸಣ್ಣ ಸದ್ದು ಹೊರಡಿಸುವ ಟ್ವೀಟರ್ ಬದಲಾಯಿಸಿದ. ಇಲ್ಲ. ಇನ್ನೊಂದು ತಂದ. ಇಲ್ಲ. ವೈರ್ ಬದಲಾಯಿಸಿದ, ಪೆಟ್ಟಿಗೆ ತಿರುಗಿಸಿಟ್ಟ. ನಮಗೋ ಆ ತಾಳ ಹಲ್ಲಿನ ಬುಡಕ್ಕೇ ಬಡಿಯುತ್ತಿತ್ತು. “ಮಾವ, ಕಿವಿ ಹರಿದು ಹೋಗ್ತದೆ!” ಎಂದು ನಾನು ಕೂಗಿದರೆ, “ನಿಂಗೆ ಸಂಗೀತ ಗೊತ್ತಿಲ್ಲ, ಸುಮ್ಮನಿರು” ಎಂದ. ಊರಿಗೆಲ್ಲ ಈ ಕತೆ ಹೇಳಿ ನಗಿಸಿದವನು ನಾನೇ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಏಕೆಂದರೆ ಒಂದು ಸಂಜೆ ನಾನು ಆ ಜಗಲಿಯಲ್ಲಿದ್ದೆ. ಅತ್ತೆ, ಮಾವ ಮರುದಿನದ ಸಂತೆಗೆ ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದರು. ಅತ್ತೆಗೆ ನೂರಾರು ಹಾಡು ಬಾಯಿಗೆ ಬರುತ್ತವೆ, ಗದ್ದೆಯಲ್ಲಿ ಸಸಿ ನೆಡುವಾಗಿನ ನೆಟ್ಟಿಯವು, ಮದುವೆಯವು, ತೊಟ್ಟಿಲಿನವು. ನಮ್ಮ ಕಡೆ ಆ ಹಾಡುಗಳನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬರು ಒಂದು ಸಾಲು ಹೇಳಿದರೆ ಇನ್ನೊಬ್ಬರು ಅದನ್ನು ತಿರುಗಿ ಹೇಳಬೇಕು, ಆಮೇಲೆಯೇ ಮುಂದಿನ ಸಾಲು. ಮದುವೆಯಾದಾಗಿನಿಂದ ಅತ್ತೆಗೆ ತಿರುಗಿ ಹೇಳಿದವನು ಮಾವನೇ.

ಆ ದಿನ ಅತ್ತೆ ನೆಟ್ಟಿ ಹಾಡಿನ ಒಂದು ಸಾಲು ಹೇಳಿ ಕಾದಳು. ಮಾವ ತಲೆ ತಗ್ಗಿಸಿ ಕಟ್ಟು ಕಟ್ಟುತ್ತಿದ್ದ. ಅದೇ ಸಾಲನ್ನು ಮತ್ತೆ ಹೇಳಿದಳು. ಮಾವ ಬಾಳೆನಾರು ಬಿಗಿದ. ಮೂರನೇ ಸಲ ಅವಳು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ತಲೆ ಎತ್ತಿ, “ಹಾಡು ಎಂತಕ್ಕೆ ಬಿಟ್ಟೆ ಇವತ್ತು?” ಎಂದ.

ಅತ್ತೆ ಅವನಿಗೆ ತುಟಿ ಕಾಣುವ ಹಾಗೆ ಮುಖ ತಿರುಗಿಸಿ, “ಮರ್ತೋತು” ಎಂದಳು.

ಮರುವಾರವೇ ಅವನನ್ನು ಕುಮಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, “ಗರಗಸದ ಸದ್ದು ಕಿವಿ ತಿಂದುಬಿಟ್ಟಿದೆ. ಸಣ್ಣ ದನಿ ಮೊದಲು ಹೋಗ್ತದೆ, ತಾಳ, ಗೆಜ್ಜೆ, ಹೆಂಗಸರ ಮಾತು. ಮುಂದೆ ಉಳಿದದ್ದೂ ಹೋಗಬಹುದು. ಕಿವಿಗೆ ಮಷಿನ್ ಹಾಕಿದ್ರೆ ಅಷ್ಟಿಷ್ಟು ಪ್ರಯೋಜನ ಆದೀತು” ಎಂದು ಕೂಗಿ ಹೇಳಿದರು.

ಮಾವ ಎಲ್ಲ ಕೇಳಿಸಿಕೊಂಡು, “ಸೆಕೆಂಡ್ ಹ್ಯಾಂಡ್ ಸಿಕ್ತದ್ಯಾ?” ಎಂದ!

ಡಾಕ್ಟರು ನಕ್ಕರು. ನನಗೆ ನಗಲಾಗಲಿಲ್ಲ.

ಮಷಿನ್ ಬಂತು, ಹೊಸದೇ. ಎಂಟು ದಿನ ಹಾಕಿ, “ಬರೀ ಕೀರಲು” ಎಂದು ಅದರ ಡಬ್ಬಿಗೇ ತಿರುಗಿ ಸೇರಿಸಿದ. ಮುಂದಿನ ಸಲ ನಾನು ಹೋದಾಗ ಆಂಪ್ಲಿಫೈಯರಿನಿಂದ ಒಂದು ವೈರ್ ಹೊರಟು, ಬಾಗಿಲು ದಾಟಿ, ಅಡಿಗೆಮನೆಯಲ್ಲಿ ಅತ್ತೆಯ ಒಲೆಯ ಹತ್ತಿರ ಮುಗಿದಿತ್ತು. ತುದಿಗೆ ಮದುವೆ ಮನೆಯ ಹಳೆಯ ಮೈಕು.

“ಇದೆಂತ ಮಾವ?” ಎಂದು ಕೈಸನ್ನೆ ಮಾಡಿದೆ.

“ಅವಳಿಗೆ ಹಾಡು ಮರೀಲಿಲ್ಲ ಮಾರಾಯ. ನಂಗೆ ಗೊತ್ತಿಲ್ವಾ?” ಎಂದ. “ತಾಳ ಯಾರಿಗೆ ಬೇಕಿತ್ತು? ಅವಳ ದನಿ ಸಣ್ಣ ಆಗ್ತಾ ಬಂತು. ಸ್ಪೀಕರಿಗೆ ತಾಳ ಬಂದ್ರೆ ಇವಳದ್ದೂ ಬಂದೀತು ಹೇಳಿ ನೋಡ್ದೆ.”

ಬಾಗಿಲಲ್ಲಿ ಕಾಲಿಗೆ ಸಿಕ್ಕುತ್ತಿದ್ದ ಆ ವೈರನ್ನು ನಾನು ಗೋಡೆಯ ಬದಿಗೆ ಸರಿಸಿದೆ.

ಎರಡು ಮಳೆಗಾಲ ಆ ಮೈಕು ನಡೆಯಿತು. ಈ ವರ್ಷ ಅದೂ ಸಾಲದು. ಈಗ ಮಾವ ಸಂಜೆ ಹಲಸಿನ ಪೆಟ್ಟಿಗೆಯ ಪಕ್ಕ ಕೂತು ಅದರ ಮೇಲೆ ಅಂಗೈ ಊರುತ್ತಾನೆ. ಅತ್ತೆ ಒಳಗಿನಿಂದ ಮೈಕಿಗೆ ಒಂದು ಸಾಲು ಹಾಡಿ ನಿಲ್ಲಿಸುತ್ತಾಳೆ. ಹಲಗೆಯ ನಡುಕ ನಿಂತದ್ದು ಅಂಗೈಗೆ ತಿಳಿಯುತ್ತದೆ. ಈಗ ತನ್ನ ಸರದಿ ಎಂದು ಮಾವ ಗಟ್ಟಿಯಾಗಿ ತಿರುಗಿ ಹೇಳುತ್ತಾನೆ.

ಯಾವ ಹಾಡು ಎಂದು ಮಾತ್ರ ಅಂಗೈಗೆ ತಿಳಿಯುವುದಿಲ್ಲ. ಮೊನ್ನೆ ಅತ್ತೆ ಹಾಡಿದ್ದು ನೆಟ್ಟಿಯ ಹಾಡು. ಮಾವ ತಿರುಗಿ ಹೇಳಿದ್ದು ತೊಟ್ಟಿಲ ಹಾಡಿನ ಸಾಲು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮೈಕು ಹತ್ತಿರ ಎಳೆದು, ತೊಟ್ಟಿಲ ಹಾಡಿನ ಮುಂದಿನ ಸಾಲು ಎತ್ತಿದಳು.