ಕೊಸರಿಗೆ ಬಂದ ಆನೆ

ವ್ಯಾಪಾರದಲ್ಲಿ ಮುಖ್ಯವಾದದ್ದು ಬೆಲೆ ಎಂದು ಬಹಳ ಜನ ತಿಳಿದುಕೊಂಡಿದ್ದಾರೆ. ತಪ್ಪು. ಮುಖ್ಯವಾದದ್ದು ಕೊಸರು. ಬೆಲೆಯನ್ನು ಯಾರು ಬೇಕಾದರೂ ಇಳಿಸಬಹುದು. ಆದರೆ ಸೊಪ್ಪಿನವಳು ಕಟ್ಟು ಕೊಟ್ಟು ಕೈ ಕೊಡವಿಕೊಂಡ ಮೇಲೂ ಅವಳ ಮುಖವನ್ನೇ ನೋಡುತ್ತ ಎರಡೆಳೆ ಕೊತ್ತಂಬರಿ ಎತ್ತಿ ಚೀಲಕ್ಕೆ ಹಾಕಿಕೊಳ್ಳುವ ಧೈರ್ಯವಿದೆಯಲ್ಲ, ಅದು ಎಲ್ಲರಿಗೂ ಬರುವುದಿಲ್ಲ. ನನಗೆ ಬರುತ್ತದೆ. ಹಳೇ ಮೊಪೆಡ್ಡಿನ ಹಿಂದೆ ಪ್ಲಾಸ್ಟಿಕ್ ಬಕೆಟ್ಟು ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ ನಾನು ಇವತ್ತು ಗುಂಡ್ಲುಪೇಟೆಯಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟಿದ್ದೇನೆಂದರೆ ಅದು ಕೊಸರಿನ ಪ್ರತಾಪ. ಕುಕ್ಕರ್ ಕೊಂಡವರಿಗೆ ಒಂದು ಸೌಟು ಕೊಸರು ಕೊಡುತ್ತೇನೆ, ಕುಕ್ಕರ್ ತರುವಾಗ ಸೌಟಿನ ಗೊಂಚಲನ್ನೇ ಕೊಸರು ಪಡೆದಿರುತ್ತೇನೆ. ಹೆಣ್ಣು ನೋಡಲು ಉಮ್ಮತ್ತೂರಿಗೆ ಹೋದಾಗ ಮಾವನವರು ಸಂಕೋಚದಿಂದ, "ನಮ್ ಹುಡ್ಗಿದು ಮಾತು ಒಸಿ ಜಾಸ್ತಿ ಕಣಪ್ಪ, ಮೊದಲೇ ಹೇಳ್ಬುಟ್ಟಿರ್ತೀನಿ" ಅಂದರು. ಜಾಸ್ತಿ ಎಂಬ ಪದ ಕಿವಿಗೆ ಬಿದ್ದದ್ದೇ ತಡ ನಾನು ಒಪ್ಪಿಕೊಂಡುಬಿಟ್ಟೆ.

ಆ ಜಾಸ್ತಿಯ ಹೆಸರು ಗೌರಮ್ಮಣ್ಣಿ. ಕೆಲಸ ಚಾಮರಾಜನಗರದ ಒಂದು ಆಫೀಸಿನಲ್ಲಿ. ದಿನಾ ಬೆಳಗ್ಗೆ ಗುಂಡ್ಲುಪೇಟೆಯಲ್ಲಿ ಪ್ರೈವೇಟ್ ಬಸ್ಸು ಹತ್ತಿ ತೆರಕಣಾಂಬಿ ಮೇಲೆ ಹೋಗಿ, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ಸು. ಬಸ್ಸಿನ ಡ್ರೈವರು ಭೀಮನಬೀಡಿನ ಸಿದ್ದರಾಜಣ್ಣ. ಒಳ್ಳೆಯ ಮನುಷ್ಯ, ಆದರೆ ಬ್ರೇಕಿನ ಮೇಲೆ ಅವನಿಗೆ ಏನೋ ಹಳೇ ದ್ವೇಷ. ತುಳಿದರೆ ಹಿಂದಿನ ಸೀಟಿನವರು ಮುಂದಿನ ಸೀಟಿಗೆ ಬರುತ್ತಾರೆ. ಜೊತೆಗೆ ಚಾಮರಾಜನಗರದಲ್ಲಿ ನನ್ನ ಹೆಂಡತಿ ಇಳಿಯುವ ಸ್ಟಾಪಿನಲ್ಲಿ ನಿಲ್ಲಿಸುವುದೇ ಇಲ್ಲ. ಸ್ಟಾಪು ದಾಟಿ ಆ ಕಡೆಯ ಹುಣಸೇಮರದ ಹತ್ತಿರ ನಿಲ್ಲಿಸುತ್ತಾನೆ. ಅವಳು ಊಟದ ಬ್ಯಾಗು ಹಿಡಿದು ಅಷ್ಟು ದೂರ ಹಿಂದಕ್ಕೆ ಓಡಬೇಕು. ಹೀಗಾಗಿ ಹೋಗುತ್ತ ಬರುತ್ತ ಡ್ರೈವರ್ ಸೀಟಿನ ಹಿಂದೆಯೇ ಕೂತು ಅವಳು ಅವನಿಗೆ ಬುದ್ಧಿ ಹೇಳುತ್ತಾಳೆ. ಇದು ನನಗೆ ಎಷ್ಟು ದೊಡ್ಡ ಉಪಕಾರ ಎಂಬುದನ್ನು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಮನೆಗೆ ಬರುವಷ್ಟರಲ್ಲಿ ಆ ದಿನದ ಮಾತಿನ ಸ್ಟಾಕು ಅರ್ಧಕ್ಕರ್ಧ ಖಾಲಿಯಾಗಿರುತ್ತದೆ.

ಮನೆಗೆ ಬಂದವಳು ಕಾಫಿ ಕುಡಿದು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಅಲ್ಲಿ ಅವಳೇ ಡ್ರೈವರು. ಬಸ್ಸು ಓಡಿಸುವ ಆಟ ಅದು. ಕಂಪ್ಯೂಟರ್ ಸೆಕೆಂಡ್ ಹ್ಯಾಂಡು, ಅದಕ್ಕೆ ಸಿಕ್ಕಿಸುವ ಪುಟಾಣಿ ಸ್ಟೇರಿಂಗು ನಾನು ಪಡೆದ ಕೊಸರು. ಆಟದಲ್ಲಿ ಮೂಲತಃ ಇದ್ದದ್ದು ಯಾವುದೋ ಚಳಿದೇಶದ ರಸ್ತೆ, ಕನ್ನಡಿಯಂಥ ಬಸ್ಸು. ಅದು ಯಾರಿಗೆ ಬೇಕು? ಆದರೆ ಇಂಥ ಆಟಗಳಿಗೆ ಎಲ್ಲೆಲ್ಲಿಯೋ ಕೂತ ಪುಣ್ಯಾತ್ಮರು ತಾವೇ ಸೇರ್ಪಡೆಗಳನ್ನು ಮಾಡಿ ಬಿಟ್ಟಿ ಹಂಚುತ್ತಾರೆ. ಮಾಡ್ ಅನ್ನುತ್ತಾರೆ ಅದಕ್ಕೆ. ನಾನು ಕೊಸರು ಅನ್ನುತ್ತೇನೆ. ನಮ್ಮ ಕಡೆಯ ರಸ್ತೆ ಒಂದು ಮಾಡ್, ನಮ್ಮ ಕಡೆಯ ಬಸ್ಸು ಒಂದು ಮಾಡ್, ಬ್ರೇಕು ಜೋರಾದರೆ "ಅಯ್ಯಯ್ಯೋ" ಅನ್ನುವ ಪ್ರಯಾಣಿಕರು ಒಂದು ಮಾಡ್. ಇಷ್ಟು ಅವಳಿಗೆ ಬೇಕಾದದ್ದು. ನಾನು ಸುಮ್ಮನಿರಲಿಲ್ಲ. ಕೇರಳದ ಹಾರನ್ನು, ಸೀರಿಯಲ್ ಲೈಟು, ಚಹಾ ಅಂಗಡಿ, ರಸ್ತೆಯಲ್ಲಿ ಒಣಹಾಕಿದ ಹುರುಳಿ, ಮಳೆ, ಬಿಸಿಲು, ಕಿಟಕಿಗೆ ನಿಂಬೆಹಣ್ಣು, ಬಿಟ್ಟಿ ಸಿಕ್ಕಿದ್ದನ್ನೆಲ್ಲ ತುಂಬಿದೆ. ಕೊನೆಗೆ ಒಂದು ಆನೆಯನ್ನೂ ತಂದು ಕಟ್ಟಿದೆ. ಯಾವಾಗಲೋ ಒಮ್ಮೊಮ್ಮೆ ರಸ್ತೆಗೆ ಅಡ್ಡ ಬಂದು, ಕಿವಿ ಬೀಸಿ, ನಿಧಾನಕ್ಕೆ ದಾಟಿ ಹೋಗುವ ಆನೆ.

ಆನೆಯ ಮೇಲೆ ನನಗೆ ವಿಶೇಷ ಪ್ರೀತಿ. ಬಕೆಟ್ಟು ಮಾರುತ್ತಿದ್ದ ಕಾಲದಲ್ಲಿ ಒಮ್ಮೆ ಕೇರಳಕ್ಕೆ ಹೋಗುವ ದಾರಿಯ ಮದ್ದೂರಿನ ಕಾಡುರಸ್ತೆಯಲ್ಲಿ ಒಂಟಿ ಸಲಗ ಅಡ್ಡ ನಿಂತಿತ್ತು. ಎರಡೂ ಕಡೆ ಸಾಲುಸಾಲು ಗಾಡಿ. ಆನೆ ನಿಂತರೆ ನಮ್ಮ ಕಡೆ ಯಾರೂ ಹಾರನ್ ಹೊಡೆಯುವುದಿಲ್ಲ, ಅದು ಹೋಗುವವರೆಗೆ ಕಾಯುತ್ತಾರೆ. ಕಾಯುವವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನು ಒಳ್ಳೆಯ ಗಿರಾಕಿ. ನಾನು ಗಾಡಿಯಿಂದ ಗಾಡಿಗೆ ಹೋಗಿ ಪಿಸುದನಿಯಲ್ಲೇ ಬಕೆಟ್ಟು ಮಾರಿದೆ. ಪಿಸುದನಿಯಲ್ಲಿ ಯಾರಿಗೂ ಗಟ್ಟಿಯಾಗಿ ಚೌಕಾಸಿ ಮಾಡಲು ಬರುವುದಿಲ್ಲ! ಒಬ್ಬ ಕೇರಳದ ಲಾರಿಯ ಡ್ರೈವರ್ ಚೇಟ್ಟ ಮಾತ್ರ ಕೈಸನ್ನೆಯಲ್ಲೇ ಬೆಲೆ ಇಳಿಸಿದ. ಅಷ್ಟರಲ್ಲಿ ಆನೆ ಸರಿದು ಅವನ ಹಿಂದಿನ ಬಸ್ಸು ಗುರ್ ಅಂದಿತು, ಅವನು ಗಾಬರಿಯಿಂದ ನನ್ನ ಬೆಲೆಗೇ ಕೊಂಡು ಹೋದ. ಅಂಥ ಪ್ರಾಣಿಯನ್ನು ಬಿಟ್ಟಿ ಕೊಟ್ಟರೆ ಬೇಡ ಅನ್ನಲಾದೀತೆ?

ಹೀಗೆ ನೆಮ್ಮದಿಯಾಗಿದ್ದಾಗ ಬಸ್ಸಿನಲ್ಲಿ ಒಂದು ದಿನ ಮಾತಿಗೆ ಮಾತು ಬೆಳೆಯಿತಂತೆ. "ನೀವೇ ಓಡ್ಸಿ ನೋಡಿ ಮೇಡಮ್ಮೋರೆ, ಆಗ ಗೊತ್ತಾಯ್ತದೆ" ಅಂದನಂತೆ ಸಿದ್ದರಾಜಣ್ಣ. "ದಿನಾ ಓಡುಸ್ತಾನೇ ಇದೀನಿ, ಭಾನುವಾರ ಮನೆಗೆ ಬನ್ನಿ" ಅಂದಳಂತೆ ಇವಳು. ಬಸ್ಸಿಗೆ ಬಸ್ಸೇ ಸಾಕ್ಷಿಯಾಗಿ ಪಂದ್ಯ ಕಟ್ಟಿದ್ದಾರೆ. ಆಟದಲ್ಲಿ ಚಾಮರಾಜನಗರದವರೆಗೆ ಯಾರ ಬಸ್ಸಿನಲ್ಲಿ "ಅಯ್ಯಯ್ಯೋ" ಕಡಿಮೆಯೋ ಅವರು ಗೆದ್ದಂತೆ. ಇವಳು ಗೆದ್ದರೆ ಬಸ್ಸು ಇನ್ನು ಸ್ಟಾಪಿನಲ್ಲೇ ನಿಲ್ಲಬೇಕು. ಸೋತರೆ ಇವಳು ಬಸ್ಸಿನಲ್ಲಿ ತುಟಿ ಬಿಚ್ಚಬಾರದು. ಕೇಳಿದೊಡನೆ ನಾನು ಸೋಲಿನ ಲೆಕ್ಕ ಹಾಕಿದೆ. ಬಸ್ಸಿನಲ್ಲಿ ಆಡದ ಮಾತು ಎಲ್ಲಿಗೆ ಬರುತ್ತದೆ? ಮನೆಗೆ. ಯಾರ ಮೇಲೆ? ಹೇಳಬೇಕೆ?

ಅಷ್ಟೇ ಅಲ್ಲ. ಆ ವಾರವೇ ನಾನು ಕಂಪ್ಯೂಟರನ್ನು ನಡೆಸುವ ವಿಂಡೋಸ್ ತೆಗೆಸಿ ಅದರ ಜಾಗಕ್ಕೆ ಲಿನಕ್ಸ್ ಹಾಕಿಸಿದ್ದೆ. ಹೊಸ ವಿಂಡೋಸು ನಮ್ಮ ಹಳೇ ಪೆಟ್ಟಿಗೆಗೆ ಹಿಡಿಸುವುದಿಲ್ಲ, ಬೇರೆ ಪೆಟ್ಟಿಗೆ ಕೊಳ್ಳಬೇಕು ಅಂದರು ರಿಪೇರಿಯವರು. ಲಿನಕ್ಸಾದರೆ ಹಿಡಿಸುತ್ತದೆ, ಬಿಟ್ಟಿ, ಅಂದರು. ಬಿಟ್ಟಿ ಎಂದಮೇಲೆ ಮುಂದಿನ ವಾಕ್ಯವನ್ನು ನಾನು ಕೇಳಿಸಿಕೊಳ್ಳುವುದಿಲ್ಲ. ಆ ಮುಂದಿನ ವಾಕ್ಯವೇ "ಆದ್ರೆ ಆಟ ಆಡೋಕೆ ಸ್ವಲ್ಪ ಕೆಲಸ ಇರುತ್ತೆ" ಎಂಬುದು. ಆಟ ವಿಂಡೋಸಿಗಾಗಿ ಹುಟ್ಟಿದ್ದು. ಅದನ್ನು ಲಿನಕ್ಸಿನಲ್ಲಿ ಬಾಳಿಸಬೇಕಾದರೆ ಒಳಗೇ ಒಂದು ಸುಳ್ಳುಸುಳ್ಳಿನ ವಿಂಡೋಸ್ ಮನೆ ಕಟ್ಟಿ, ಅದರಲ್ಲಿ ಆಟವನ್ನು ಕೂರಿಸಬೇಕು. ಹೊಸ ಸೊಸೆಗೆ ತವರು ಬಿಟ್ಟು ಬಂದೆ ಅನ್ನಿಸದಿರಲಿ ಅಂತ ಅವಳ ಮನೆಯ ಒರಳುಕಲ್ಲನ್ನೇ ತಂದು ಹಿತ್ತಲಲ್ಲಿ ಇಟ್ಟ ಹಾಗೆ. ಆಟವೇನೋ ಒಂದು ಸಲ ಕರೆದರೆ ಎದ್ದು ಬಂತು, ಆ ಚಳಿದೇಶದ ರಸ್ತೆಯ ಸಮೇತ. ನನ್ನ ಕೊಸರುಗಳನ್ನೆಲ್ಲ ಪೆನ್‌ಡ್ರೈವಿನಿಂದ ಒಟ್ಟಿಗೆ ಸುರಿದೆ. ಪರದೆ ಕಪ್ಪಾಯಿತು.

ಶನಿವಾರ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ ಕೂತೆ. ಇಂಥ ಕಷ್ಟದವರು ಸೇರುವ ಒಂದು ಜಾಗ ಅಂತರ್ಜಾಲದಲ್ಲಿದೆ. ಅಲ್ಲಿ ನನಗೆ ಬರುವ ಹರಕುಮುರುಕು ಇಂಗ್ಲಿಷಿನಲ್ಲಿ ಗೋಳು ಹೇಳಿಕೊಂಡೆ. ಯಾವ ದೇಶದ ಮಹಾರಾಯನೋ, ತಕ್ಷಣ ಉತ್ತರ ಬರೆದ: ಎಲ್ಲವನ್ನೂ ತೆಗೆ, ಒಂದೊಂದನ್ನೇ ಹಾಕು, ಒಂದು ಹಾಕಿದಾಗ ಒಂದು ಸಲ ಓಡಿಸಿ ನೋಡು. ಇದಕ್ಕೆ ಏನು ಕೊಡಬೇಕು ಎಂದೆ. ಏನೂ ಬೇಡ ಎಂದ. ನನಗೆ ಅಸಾಧ್ಯ ಸಂಕಟವಾಯಿತು. ಬೆಲೆಯೇ ಹೇಳದವನ ಹತ್ತಿರ ಇಳಿಸುವುದೇನನ್ನು? ಕೊನೆಗೆ ಅಭ್ಯಾಸಬಲದಿಂದ, ಆನೆಯೊಂದಕ್ಕೆ ಏನಾದರೂ ದಾರಿ ಮಾಡಿಕೊಡಪ್ಪ ಎಂದು ಕೊಸರು ಕೇಳಿದೆ. ಆನೆ ಬೇಡ, ಅದು ಲಿನಕ್ಸಿನಲ್ಲಿ ಸರಿಯಾಗಿ ನಡೆಯುವುದಿಲ್ಲ ಎಂದು ಬರೆದ.

ರಸ್ತೆ ಹಾಕಿದೆ, ಬಂತು. ಬಸ್ಸು ಹಾಕಿದೆ, ಬಂತು. ಪ್ರಯಾಣಿಕರು ಹತ್ತಿದರು. ಹಿಂದೆ ನಿಂತಿದ್ದ ಗೌರಮ್ಮಣ್ಣಿ, "ಸಾಕು, ಅಲ್ಲಿಗೆ ನಿಲ್ಸಿ" ಅಂದಳು.

"ಹಾರನ್ನು?"

"ಬ್ಯಾಡ."

"ಹುರುಳಿ ಆದ್ರೂ..."

"ಹುರುಳಿ ನಾನ್ ಒಣಗ್ಸಿದ್ನಾ? ಬ್ಯಾಡ. ಆ ಆನೆನಂತೂ ಹಾಕ್ಲೇಬ್ಯಾಡಿ."

ಊರಿಗೆಲ್ಲ ಚೌಕಾಸಿ ಹೇಳಿಕೊಡುವ ನಾನು ಮನೆಯಲ್ಲಿ ಒಂದು ಮುಷ್ಟಿ ಹುರುಳಿಯನ್ನೂ ಉಳಿಸಿಕೊಳ್ಳಲಾಗಲಿಲ್ಲ. ಅವಳು ಅಡುಗೆಮನೆಗೆ ಹೋದಳು. ನಾನು ಆ ಕಡೆ ಈ ಕಡೆ ನೋಡಿ, ಎರಡೆಳೆ ಕೊತ್ತಂಬರಿ ಎತ್ತಿಕೊಂಡ ಹಾಗೆ, ಆನೆಯನ್ನು ಸದ್ದಿಲ್ಲದೆ ಒಳಗೆ ಬಿಟ್ಟೆ. ಆಟ ನಿಲ್ಲದೆ ಶುರುವಾಯಿತು. ಸಾಕಲ್ಲ.

ಭಾನುವಾರ ಸಿದ್ದರಾಜಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. "ಏನ್ ಸಾವ್ಕಾರ್ರೆ, ಇದೇನ್ ಸ್ಟೇರಿಂಗಾ ಚಕ್ಲಿ ಒರಳಾ?" ಎಂದು ನಗುತ್ತ ಕೂತ. ಮೊದಲ ಸರದಿ ಅವನದು. ಗುಂಡ್ಲುಪೇಟೆ ಬಿಟ್ಟು ಇನ್ನೂ ಊರು ದಾಟಿಲ್ಲ, ಬಸ್ಸಿನೊಳಗಿಂದ "ಅಯ್ಯಯ್ಯೋ" ಶುರು. ಪ್ರಯಾಣಿಕರ ನೆಮ್ಮದಿ ತೋರಿಸುವ ಪಟ್ಟಿ ಹಸಿರಿನಿಂದ ಕೆಂಪಿಗಿಳಿಯಿತು. ತೆರಕಣಾಂಬಿಯ ಸ್ಟಾಪು ದಾಟಿ ನಿಲ್ಲಿಸಿದ. "ನೋಡುದ್ರಾ! ಇಲ್ಲೂ ಅಂಗೇ!" ಅಂದಳು ಇವಳು. "ಇದ್ರ ಬ್ರೇಕೇ ಸರ್ಯಾಗಿಲ್ಲ ಬುಡಿ ಮೇಡಮ್ಮೋರೆ" ಅಂದ ಅವನು, ಆದರೆ ಅಂಗಿಯ ಕಾಲರು ಆಗಲೇ ಬೆವೆತಿತ್ತು.

ಇವಳ ಸರದಿ. ಏನು ಹೇಳಲಿ, ಹಾಲಿನ ಕ್ಯಾನು ತುಳುಕದ ಹಾಗೆ ಹೊರಟಳು. ಪಟ್ಟಿ ಹಸಿರೋ ಹಸಿರು. ತೆರಕಣಾಂಬಿಯ ಸ್ಟಾಪಿನಲ್ಲಿ ಬಾಗಿಲು ನೆರಳಿಗೆ ಬರುವಂತೆ ನಿಲ್ಲಿಸಿ ಹೊರಟಳು. ಚಾಮರಾಜನಗರ ಹತ್ತಿರಾಯಿತು, ನನ್ನ ಎದೆ ಹಗುರವಾಯಿತು. ಆಗ ರಸ್ತೆಯ ಮಧ್ಯೆ, ಬಟಾಬಯಲಲ್ಲಿ, ಅದು ಬಂದು ನಿಂತಿತು.

ಇವಳು ಹಗುರವಾಗಿ ಬ್ರೇಕು ಒತ್ತಿ, ದೂರದಲ್ಲೇ ಬಸ್ಸು ನಿಲ್ಲಿಸಿದಳು. ಸಿದ್ದರಾಜಣ್ಣ ಪಂದ್ಯವನ್ನೇ ಮರೆತು ಎದ್ದು ನಿಂತ. ಮೊದಲು ಮದ್ದೂರು ರೂಟಿನಲ್ಲಿ ಬಸ್ಸು ಓಡಿಸಿದವನು ಅವನು. "ಮೇಡಂ, ಆರನ್ ಒಡೀಬೇಡಿ. ಲೈಟ್ ಡಿಮ್ ಮಾಡಿ. ಒಸಿ ಹಿಂದಕ್ಕೆ... ಹಾಂ, ಸಾಕು" ಎಂದು ಪಿಸುಗುಟ್ಟಿದ. ನಮ್ಮ ನಡುಮನೆಯಲ್ಲಿ ಮೂವರೂ ಕಾದು ಕೂತೆವು. ಆನೆ ಅಲ್ಲಾಡಲಿಲ್ಲ. ಕಾಫಿ ಬಂತು, ಸಿದ್ದರಾಜಣ್ಣ ಪಿಸುಮಾತಿನಲ್ಲೇ ಸಕ್ಕರೆ ಕೇಳಿದ. ಆನೆ ಅಲ್ಲಾಡಲಿಲ್ಲ. "ಕಿವಿನೇ ಆಡುಸ್ತಿಲ್ವಲ್ಲ ಅಣ್ಣ?" ಅಂದಳು ಇವಳು. "ಕಿವಿ ಆಡುಸ್ದೆ ನಿಂತ್ರೆ ಬೋ ಡೇಂಜರು ಮೇಡಂ. ಅದು ನಮ್ಮುನ್ನೇ ಅಳೀತಾ ಅದೆ" ಅಂದ. ಇಡ್ಲಿ ಬಂತು. ಅವನು ಕಾಡಿನ ಕತೆ ಹೇಳಿದ, ಇವಳು ಆಫೀಸಿನ ಕತೆ ಹೇಳಿದಳು. ಇವಳು ಅವನ ಬೆನ್ನಿಗೆ ಹೇಳದೆ, ಹೀಗೆ ಇಬ್ಬರೂ ಮುಖ ನೋಡಿಕೊಂಡು ಮಾತಾಡಿದ್ದು ಅದೇ ಮೊದಲಂತೆ. ಆನೆ ನಡೆಯುವುದಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ನಾನು ಚಟ್ನಿ ಬಡಿಸುತ್ತಿದ್ದೆ.

ಕೊನೆಗೆ ಸಿದ್ದರಾಜಣ್ಣ ಎದ್ದು ಕೈಮುಗಿದ. "ನಾನ್ ಸೋತೆ ಬುಡಿ. ಆನೆ ಮುಂದೆ ಇಷ್ಟ್ ತಾಳ್ಮೆಯಿಂದ ಕಾಯೋ ಡ್ರೈವರ್‌ನ ನಾನ್ ನೋಡೇ ಇಲ್ಲ." ಸೋಮವಾರ ಬಸ್ಸು ಸ್ಟಾಪಿನಲ್ಲೇ, ಅವಳ ಕಾಲು ನೆರಳಿಗಿಳಿಯುವಂತೆ ನಿಂತಿತಂತೆ. ಬ್ರೇಕೂ ಮೆತ್ತಗೆ.

ಹುಣಸೇಮರದವರೆಗಿನ ಆ ಓಟ ತಪ್ಪಿದ್ದಕ್ಕೆ ನನಗೂ ಖುಷಿಯಾಯಿತು, ಅವಳು ಆ ಸಂಜೆ ಮನೆಗೆ ಬರುವವರೆಗೆ. ಹೋಗುತ್ತ ಬರುತ್ತ ಡ್ರೈವರಿಗೆ ಹೇಳುವುದಕ್ಕೆ ಈಗ ಏನೂ ಉಳಿದಿಲ್ಲ. ದಿನದ ಸ್ಟಾಕು ಮೂಟೆ ಬಿಚ್ಚದೆ ನೇರವಾಗಿ ಮನೆಗೆ ಬಂದಿದೆ. ಸೋತಿದ್ದರೂ ಬರುತ್ತಿತ್ತು, ಗೆದ್ದರೂ ಬಂತು. ಇಂಥ ಸರಳ ಲೆಕ್ಕ ನನ್ನಂಥ ವ್ಯಾಪಾರಿಗೆ ಮುಂಚೆ ಹೊಳೆಯಬಾರದಿತ್ತೆ? "ರೀ, ಕೂತ್ಕೊಳ್ಳಿ. ಆನೆ ಹಾಕ್ಬ್ಯಾಡಿ ಅಂದಿದ್ನಾ ಇಲ್ವಾ?" ಎಂದು ಶುರುಮಾಡಿದಳು. ಆನೆಯಿಂದ ಹುರುಳಿಗೆ ಬಂದು, ಹುರುಳಿಯಿಂದ ನಮ್ಮ ಮದುವೆಯ ಛತ್ರಕ್ಕೆ ಹೋದಳು.

ಆದ್ದರಿಂದ ಲಿನಕ್ಸ್ ಹಾಕಿಸಬೇಕೆನ್ನುವವರಿಗೆ ನನ್ನ ಸಲಹೆ: ಧೈರ್ಯವಾಗಿ ಹಾಕಿಸಿ, ಮಾಡ್‌ಗಳನ್ನು ಒಂದೊಂದಾಗಿ ಸೇರಿಸಿ, ಆನೆಯನ್ನು ಮಾತ್ರ ಯಾರು ಬೇಡವೆಂದರೂ ಬಿಡಬೇಡಿ. ಅದರಿಂದ ಕಲಿಯುವುದಿದೆ. ಈಗ ದಿನಾ ಸಂಜೆ ಅವಳ ಮಾತಿನ ಬಸ್ಸು ಹೊರಟಾಗ ನಾನು ನಡುಮನೆಯ ಮಧ್ಯೆ ಹಾಗೇ ನಿಂತುಬಿಡುತ್ತೇನೆ, ಕಿವಿ ಆಡಿಸದೆ. ಬಹಳ ಹೊತ್ತು ನಿಂತರೆ ಎದುರಿನವರೇ ಇಂಜಿನ್ ಆಫ್ ಮಾಡಿ ಕಾಫಿಗೆ ಇಡುತ್ತಾರೆ.