ಬಿಸಿಲಿಗಿಟ್ಟ ಸೆಲ್ಲಿನ ಹಾಡು

ನಿಮಗೆ ಬಹಳ ಇಷ್ಟವಾದ ಹಾಡು ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಆಯಾಸವಾಗುತ್ತದೆ. ಉತ್ತರ ಗೊತ್ತಿಲ್ಲವೆಂದಲ್ಲ. ಗೊತ್ತಿದೆ. ಆದರೆ ಅದನ್ನು ಹೇಳಬೇಕೆಂದರೆ ಒಂದು ಟೇಪ್ ರೆಕಾರ್ಡರು, ಒಬ್ಬ ಪಾದ್ರಿ, ಮಾಳಿಗೆಯ ಮೇಲಿನ ಬಿಸಿಲು ಮತ್ತು ನನ್ನ ಹೆಂಡತಿಯ ಒಳ್ಳೆಯ ಗುಣ ಇಷ್ಟನ್ನೂ ಕರೆತಂದು ಕೂಡಿಸಬೇಕಾಗುತ್ತದೆ. ಅಷ್ಟು ಮಂದಿಗೆ ಚಹಾ ಕೊಟ್ಟು ಕಳಿಸುವ ಕಸುವು ಈಗ ನನ್ನಲ್ಲಿಲ್ಲ. ಹಾಗಾಗಿ ‘ನನಗೆ ವಚನಗಳು ಇಷ್ಟ’ ಎಂದು ಹೇಳಿ ಪಾರಾಗುತ್ತೇನೆ. ನಮ್ಮ ಕಡೆ ಆ ಉತ್ತರಕ್ಕೆ ಮರುಪ್ರಶ್ನೆ ಹಾಕುವವರಿಲ್ಲ.

ಖರೆ ಹೇಳಿದರೆ ನನಗೆ ಇಷ್ಟವಾದದ್ದು ಒಂದು ಇಂಗ್ಲಿಷ್ ಹಾಡು. ಅದರಲ್ಲೂ ಯೇಸುವಿನ ಮೇಲೆ ಕಟ್ಟಿದ ರಾಕ್ ಹಾಡು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಮನೆ ಮಾಡಿಕೊಂಡು, ದಿನಾ ಹಣೆಗೆ ವಿಭೂತಿ ಹಚ್ಚಿ ಹುನಗುಂದದ ಕಚೇರಿಗೆ ಬಸ್ಸು ಹಿಡಿಯುವ ಗುಮಾಸ್ತನಿಗೆ ಇದು ಹೇಗೆ ಗಂಟುಬಿತ್ತು ಎಂಬುದನ್ನು ನಾನು ಹಿಂದೆ ಕೆಲವರಿಗೆ ಹೇಳಿದ್ದುಂಟು. ಹೇಳಿದಷ್ಟೂ ಕತೆ ನುಣುಪಾಗುತ್ತ ಬಂತು. ನುಣುಪಾದ ನೆನಪಿನ ಮೇಲೆ ನನಗೆ ಗುಮಾನಿ. ಅದು ಯಾರೋ ಇಸ್ತ್ರಿ ಮಾಡಿಕೊಟ್ಟ ಅಂಗಿಯ ಹಾಗೆ; ನನ್ನದೇ ಹೌದು, ಆದರೆ ಮೈಗೆ ಗುರುತು ಹತ್ತುವುದಿಲ್ಲ. ಆದ್ದರಿಂದ ಈ ಸಲ ನನಗೆ ಖಾತ್ರಿ ಇಲ್ಲದ ಕಡೆ ಇಲ್ಲವೆಂದೇ ಬರೆಯುತ್ತೇನೆ. ಎಪ್ಪತ್ತರ ದಶಕ ಮುಗಿಯುತ್ತಿತ್ತು ಎಂಬುದು ಮಾತ್ರ ಖಾತ್ರಿ. ಹೆಂಡತಿ ಕಸ್ತೂರಿ ಈಗ ಒಳಗಿನಿಂದ, “ಎಂಬತ್ತು ದಾಟಿತ್ರಿ” ಅನ್ನುತ್ತಿದ್ದಾಳೆ. ಅಲ್ಲಿಗೆ ಅದೂ ಹೋಯಿತು.

ಓಣಿಯ ತುದಿಯ ಮನೆಯಲ್ಲಿ ಪ್ರಭುದಾಸ ಮಾಸ್ತರ ಇದ್ದ. ಸಾಲೆಯಲ್ಲಿ ಗಣಿತ ಕಲಿಸುವವ, ನನ್ನ ಗೆಳೆಯ. ಅವನ ಮಾವ ಬಾಗಲಕೋಟೆಯ ಒಂದು ಸಣ್ಣ ಚರ್ಚಿನ ಪಾದ್ರಿ. ಹಾರ್ಮೋನಿಯಂ ಒಂದನ್ನು ಬಿಟ್ಟು ಮತ್ತಾವ ವಾದ್ಯವೂ ಅಲ್ಲಿ ದೇವರೆದುರು ಬಾಯಿ ತೆರೆಯುವಂತಿರಲಿಲ್ಲ. ಪ್ರಭುದಾಸನ ಹತ್ತಿರವಾದರೋ ಒಂದು ಗಿಟಾರ್ ಇತ್ತು. ಒಂದು ಕ್ರಿಸ್ಮಸ್ಸಿಗಾದರೂ ಆ ಚರ್ಚಿನಲ್ಲಿ ಅದನ್ನು ಹಿಡಿದು ನಿಂತು ಹಾಡಬೇಕು ಎಂಬುದು ಅವನ ಆಸೆ. ಆಸೆ ಎಂದರೆ ಸಣ್ಣ ಮಾತಾಯಿತು, ಅವನು ಅದರ ಮೇಲೆಯೇ ಬದುಕಿದ್ದ. ಮಾವನ ಮುಂದೆ ಒಮ್ಮೆ ಬಾಯಿಬಿಟ್ಟಾಗ ಅವರು, “ಗಿರಣಿ ಸಪ್ಪಳ ಗಿರಣ್ಯಾಗ ಇರ್ಲಿ, ಅಳಿಯಂದ್ರ” ಎಂದು ಊಟ ಮುಂದುವರಿಸಿದ್ದರಂತೆ.

ಇಂಥದ್ದರಲ್ಲಿ ಮುಂಬಯಿಯ ನೆಂಟನೊಬ್ಬ ಅವನಿಗೆ ಟೇಪ್ ರೆಕಾರ್ಡರನ್ನೂ ಒಂದು ಕ್ಯಾಸೆಟ್ಟನ್ನೂ ಕಳಿಸಿದ. ಯಾರದೋ ಕ್ಯಾಸೆಟ್ಟಿನಿಂದ ತುಂಬಿಸಿದ್ದು. ಮೇಲೆ ಹೆಸರಿಲ್ಲ, ಚಿತ್ರವಿಲ್ಲ. ಯೇಸುವಿನ ಹಾಡನ್ನು ಗಿಟಾರು, ಡ್ರಮ್ಮು ಹಾಕಿ ಹಾಡಿದ್ದಾರೆ ಎಂದಷ್ಟೇ ಸುದ್ದಿ. ಪ್ರಭುದಾಸ ಅದನ್ನು ಮನೆಯಲ್ಲಿ ಹಚ್ಚಿಯೂ ನೋಡಲಿಲ್ಲ. ಹೆಂಡತಿ ಪಾದ್ರಿಯ ಮಗಳು. ಒಂದು ಸಂಜೆ ಗಿಟಾರು, ರೆಕಾರ್ಡರು ಎರಡನ್ನೂ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದ.

“ದೋಸ್ತ, ಇವನ್ನ ನಿಮ್ಮ ಮನ್ಯಾಗ ಇಟ್ಕೊ. ನಿಮ್ಮದು ಬಸವಣ್ಣನ ಮನಿ, ಇಲ್ಲೆ ಯಾರೂ ಯೇಸುವಿನ ಹಾಡು ಹುಡುಕೂದಿಲ್ಲ.”

ನಮ್ಮ ಅವ್ವ ಗಿಟಾರನ್ನು ಕಣ್ಣು ಕಿರಿದು ಮಾಡಿ ನೋಡಿದಳು. “ತಂಬೂರಿಗೆ ಭಾಳ ಉಣಿಸ್ಯಾರ ನೋಡು” ಎಂದಳು. ಅಲ್ಲಿಗೆ ನಮ್ಮ ಮನೆಯ ಅನುಮತಿ ಸಿಕ್ಕಿತು.

ಹಾಡು ಕೇಳಲು ಕರೆಂಟು ಬೇಕು. ನಮ್ಮ ಮನೆಯಲ್ಲಿ ಕರೆಂಟು ಬಲ್ಬಿನ ತನಕ ಬಂದು ಅಲ್ಲಿಯೇ ನಿಂತಿತ್ತು; ಪ್ಲಗ್ಗು ಎಂಬುದಿರಲಿಲ್ಲ. ಉಳಿದದ್ದು ಸೆಲ್ಲು. ಸೆಲ್ಲು ಸತ್ತರೆ ಬಿಸಾಡುವ ಪದ್ಧತಿ ಆಗ ಯಾರ ಮನೆಯಲ್ಲೂ ಇರಲಿಲ್ಲ. ಬ್ಯಾಟರಿ ಟಾರ್ಚಿನಲ್ಲಿ ದುಡಿದು ಮುಗಿದ ಸೆಲ್ಲು ಮಾಳಿಗೆ ಹತ್ತಿ, ಸಂಡಿಗೆ ಮತ್ತು ಮೆಣಸಿನಕಾಯಿಯ ನಡುವೆ ಬಿಸಿಲು ಕಾಯಬೇಕು. ಜೀವ ಬಂದ ಮೇಲೆ ರೇಡಿಯೋಕ್ಕೆ ಹೋಗಬೇಕು. ಅಲ್ಲಿಯೂ ಸತ್ತರೆ ಮತ್ತೆ ಬಿಸಿಲು. ಪ್ರಭುದಾಸನ ರೆಕಾರ್ಡರಿಗೆ ನಮ್ಮಲ್ಲಿ ಸಿಕ್ಕಿದ್ದು ಹೀಗೆ ಹಲವು ಸಲ ಸತ್ತು ಎದ್ದ ಸೆಲ್ಲುಗಳು. ಅವ್ವ ಕಾಗೆ ಓಡಿಸುತ್ತ ಕೂತವಳು ಮೇಲಿನಿಂದ ಕೂಗುವಳು: “ಏ ತಮ್ಮಾ, ಸಂಡಿಗಿ ಆಗ್ಯಾವು, ನಿನ್ನ ಸೆಲ್ಲಿಗೆ ಇನ್ನೊಂದ್ ಬಿಸಿಲ ಬೇಕು.”

ಆ ಸೆಲ್ಲುಗಳ ಮೇಲೆ ನಾನು ಆ ಹಾಡುಗಳನ್ನು ಕೇಳಿದೆ. ಏನು ಹೇಳಲಿ! ಅದರಲ್ಲಿ ಒಂದಂತೂ, ಮೊದಲ ಬದಿಯ ಕೊನೆಯದು, ನನ್ನದೇ ಹಾಡು. ಹಾಡುವವನು ವಯಸ್ಸಾದ ದಪ್ಪ ಮನುಷ್ಯ ಎಂದುಕೊಂಡೆ. ಎದೆಯ ತಳದಿಂದ ಒಂದೊಂದೇ ಶಬ್ದವನ್ನು ಬಾವಿಯಿಂದ ಕೊಡ ಎಳೆದಂತೆ ಎಳೆಯುತ್ತಿದ್ದ. ಡ್ರಮ್ಮು ಬಹಳ ವಿಚಾರ ಮಾಡಿ ಒಂದೊಂದು ಪೆಟ್ಟು ಹಾಕುತ್ತಿತ್ತು. ಗಿಟಾರಿನ ತಂತಿ ಒಮ್ಮೆ ನಡುಗಿತೆಂದರೆ ಆ ನಡುಕ ನಿಲ್ಲುವುದರೊಳಗೆ ಕಸ್ತೂರಿ ಒಂದು ರೊಟ್ಟಿ ಬಡಿದು ಮುಗಿಸುತ್ತಿದ್ದಳು. ದಿನವಿಡೀ ಕಡತ ಹೊತ್ತು, ಹುನಗುಂದದಿಂದ ನಿಂತುಕೊಂಡೇ ಬಸ್ಸಿನಲ್ಲಿ ಬಂದ ನನಗೆ ಇಂಗ್ಲಿಷು ಪೂರ್ತಿ ತಿಳಿಯದಿದ್ದರೂ ಅವನ ದಣಿವು ತಿಳಿಯಿತು. ಆ ದೇಶದಲ್ಲೂ ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ, ಆ ಮನುಷ್ಯನೂ ನಿಂತೇ ಬಂದಿದ್ದಾನೆ, ಬಂದು ದೇವರ ಮುಂದೆ ಚಪ್ಪಲಿ ಬಿಟ್ಟು ಕೂತಿದ್ದಾನೆ. ಇಷ್ಟು ವರ್ಷ ಎಲ್ಲ ಭಜನೆಗಳೂ ನನಗೆ ಏಳು, ಎಚ್ಚರಾಗು ಎನ್ನುತ್ತಿದ್ದವು. ಕೂಡು, ದಣಿದಿದ್ದೀ ಎಂದ ಮೊದಲ ದೇವರು ಆ ಕ್ಯಾಸೆಟ್ಟಿನಲ್ಲಿದ್ದ. ಪ್ರಭುದಾಸನೂ ದಿನಾ ಸಂಜೆ ಬಂದು, ಅದನ್ನೇ ಕೇಳಿ ಕೇಳಿ ಗಿಟಾರಿನ ಮೇಲೆ ಕೂಡಿಸಿಕೊಂಡ.

ಒಂದು ದಿನ ಅವನ ಮಾವ ಯಾರದೋ ಮದುವೆಗೆ ಸೀರೆ ಕೊಳ್ಳಲು ಇಳಕಲ್ಲಿಗೆ ಬಂದರು. ಮಗಳ ಮನೆಗೆ ಕೀಲಿ ಹಾಕಿತ್ತು. ಅಳಿಯ ಎಲ್ಲಿ ಎಂದು ಕೇಳಿದರೆ ಓಣಿಯವರು ನಮ್ಮ ಮನೆ ತೋರಿಸಿದರು. ಒಳಗೆ ಹಾಡು ಹಚ್ಚಿಕೊಂಡು ನಾವಿಬ್ಬರು ಕಣ್ಣು ಮುಚ್ಚಿ ಕೂತಿದ್ದೇವೆ. ಬಾಗಿಲಲ್ಲಿ ಬಿಳಿ ಅಂಗಿಯ ಪಾದ್ರಿ. ಪ್ರಭುದಾಸ ಎದ್ದ ರಭಸಕ್ಕೆ ಗಿಟಾರು ತಾನೇ ಒಮ್ಮೆ ಮಿಡಿಯಿತು. ಪಾದ್ರಿಗಳು ಕೈ ಎತ್ತಿ ಸುಮ್ಮನಿರು ಎಂದರು. ಹೊಸ್ತಿಲಲ್ಲೇ ನಿಂತು ಹಾಡನ್ನು ಪೂರ್ತಿ ಕೇಳಿದರು. ಅವರ ಕಣ್ಣಲ್ಲಿ ನೀರು.

“ಎಂಥಾ ಭಾರ ಇಳಿಸ್ಯಾನ್ರಿ ಮನಷ್ಯಾ! ಇದಕ್ಕ ಅಂತಾರ್ರಿ ಪ್ರಾರ್ಥನಾ. ಅಳಿಯಂದ್ರ, ಈ ಹಾಡು ಈ ಕ್ರಿಸ್ಮಸ್ಸಿಗೆ ನಮ್ಮ ಚರ್ಚಿನ್ಯಾಗ ಆಗಬೇಕು. ಆ ಡೊಳ್ಳಹೊಟ್ಟಿ ವಾದ್ಯನೂ ತರ್ರಿ.”

ಇಲ್ಲಿ ನಾನು ನಿಲ್ಲಬೇಕು. ಕಣ್ಣೀರು ನಾನು ನೋಡಿದ್ದು ಖರೆ. ಆದರೆ ಕಸ್ತೂರಿ ಹೇಳುವುದು ಬೇರೆ. ಆ ದಿನ ಪಕ್ಕದ ಮನೆಯಲ್ಲಿ ಖಾರ ಕುಟ್ಟುತ್ತಿದ್ದರಂತೆ. ಓಣಿಯಲ್ಲಿ ಹಾದುಹೋದವರೆಲ್ಲ ಅತ್ತಿದ್ದಾರಂತೆ, ಎಮ್ಮೆ ಸಹಿತ. ನಾನು ಭಕ್ತಿ ಎನ್ನುತ್ತೇನೆ, ಅವಳು ಬ್ಯಾಡಗಿ ಎನ್ನುತ್ತಾಳೆ. ಎರಡೂ ಇದ್ದಿರಬಹುದು.

ಪ್ರಭುದಾಸನಂತೂ ನೆಲದ ಮೇಲೆ ನಡೆಯುವುದನ್ನೇ ಬಿಟ್ಟ. ಕ್ರಿಸ್ಮಸ್ಸಿಗೆ ಮುಂಚಿನ ಒಂದು ರವಿವಾರ ಚರ್ಚಿನ ಹಿರಿಯರಿಗೆಲ್ಲ ಹಾಡನ್ನು ಕೇಳಿಸಿ ಒಪ್ಪಿಗೆ ಪಡೆಯಬೇಕೆಂದು ನಿಶ್ಚಯವಾಯಿತು. ಅವತ್ತು ಬೆಳಿಗ್ಗೆ ಕಸ್ತೂರಿ ರೆಕಾರ್ಡರನ್ನು ಒರೆಸಿ, ಅರಿವೆಯಲ್ಲಿ ಕಟ್ಟಿ, ಅವನ ಕೈಗೆ ಕೊಟ್ಟಳು. ನಾನೂ ಜೊತೆಗೆ ಹೊರಟೆ. ನನ್ನ ಹಾಡು ಊರಿಗೆ ಹೊರಟಿತ್ತು, ನಾನು ಮನೆಯಲ್ಲಿ ಕೂಡಲಾದೀತೇ?

ಚರ್ಚಿನಲ್ಲಿ ಹಿರಿಯರು ಬೆಂಚುಗಳ ಮೇಲೆ ಕೂತಿದ್ದರು. ಪಾದ್ರಿಗಳು ಎದ್ದು, ಈಗ ಕೇಳುವ ಹಾಡಿನ ಗಾಂಭೀರ್ಯವನ್ನು ಎಲ್ಲರಿಗೂ ವಿವರಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಎಲ್ಲರೂ ಮುಚ್ಚಿಕೊಂಡರು. ಪ್ರಭುದಾಸ ಗುಂಡಿ ಒತ್ತಿದ.

ಎಲ್ಲರ ಕಣ್ಣೂ ಒಮ್ಮೆಲೇ ತೆರೆದವು. ತಗಡಿನ ಮಾಡಿನ ಮೇಲೆ ಕಡಲೆ ಸುರಿದಂತೆ ಡ್ರಮ್ಮು. ಗಿಟಾರು ಬಾಲಕ್ಕೆ ಪಟಾಕಿ ಕಟ್ಟಿದ ನಾಯಿಯ ಹಾಗೆ ಓಡುತ್ತಿದೆ. ಅದರ ಹಿಂದೆ, ನಗುನಗುತ್ತ ಕುಣಿಯುತ್ತ ಒಬ್ಬ ಹುಡುಗಿ ಹಾಡುತ್ತಿದ್ದಾಳೆ. ಹುಡುಗಿ! ಬಸ್ಸಿನಲ್ಲಿ ನಿಂತು ಬಂದಿದ್ದ ನನ್ನ ದಪ್ಪ ಮುದುಕ ಎಲ್ಲಿ? ನಾನು ಆ ಪೆಟ್ಟಿಗೆಯನ್ನೇ ನೋಡುತ್ತ, ಯಾರೋ ಸತ್ತ ಸುದ್ದಿ ಕೇಳಿದವನಂತೆ ನಿಂತೆ. ಪ್ರಭುದಾಸನ ಮುಖ ಮಾತ್ರ ಹಬ್ಬವಾಗಿತ್ತು. ಕಾಲು ತಾನಾಗಿಯೇ ತಾಳ ಹಾಕುತ್ತಿತ್ತು. “ಲೇ, ಇದು ನೋಡಲೇ ಖರೆ ಹಾಡು!” ಎಂದು ನನ್ನ ಕಿವಿಯಲ್ಲಿ ಅಂದ.

“ಬಂದ್ ಮಾಡ್ರಿ” ಎಂದರು ಪಾದ್ರಿಗಳು. ಬಂದ್ ಆಯಿತು. “ಇದು ಆ ಹಾಡಲ್ಲ.”

“ಅದ ಹಾಡ್ರೀ, ಮಾವಾರ.”

“ನಾ ಕೇಳಿದ್ದು ಇದಲ್ಲ ಅಂತೇನಿ. ನನ್ನ ಕಿವಿ ಇನ್ನೂ ನೆಟ್ಟಗದಾವು. ಗಂಡಸು ಹಾಡಿದ್ದ. ಅವನ್ನೆಲ್ಲಿಟ್ಟೀರಿ?”

ಪ್ರಭುದಾಸ ಗಲಿಬಿಲಿಗೊಂಡು ರೆಕಾರ್ಡರಿನ ಬೆನ್ನು ತೆಗೆದ. ಒಳಗೆ ಫಳಫಳ ಹೊಳೆಯುವ ಹೊಸ ಸೆಲ್ಲುಗಳು ಸಾಲಾಗಿ ಮಲಗಿದ್ದವು. ಗಣಿತದ ಮಾಸ್ತರ, ತಕ್ಷಣ ತಿಳಿಯಿತು. ಅವನು ನನ್ನನ್ನು ನೋಡಿದ. ನನಗೂ ತಿಳಿಯಿತು.

ಹೊಸವನ್ನು ಹಾಕಿದವಳು ಕಸ್ತೂರಿ, ಆದರೆ ಅವಳ ತಪ್ಪಿಲ್ಲ. ನಮ್ಮ ಕಡೆ ಯಾರ ಮನೆಯ ಸಾಮಾನನ್ನೂ ಖಾಲಿ ಹಿಂದಿರುಗಿಸುವುದಿಲ್ಲ. ಪಕ್ಕದ ಮನೆಯವರು ಹೋಳಿಗೆ ಕೊಟ್ಟ ಡಬ್ಬಿ ತೊಳೆದು ಕೊಡುವಾಗ ಒಂದು ಹಿಡಿ ಅವಲಕ್ಕಿಯನ್ನಾದರೂ ಹಾಕಬೇಕು. ಇಲ್ಲವಾದರೆ ಒಂದು ಚೂರು ಬೆಲ್ಲ. ಬೇರೆಯವರ ರೆಕಾರ್ಡರು, ಅದೂ ದೇವರ ಮನೆಗೆ ಹೊರಟದ್ದು. ಅದನ್ನು ಸತ್ತ ಸೆಲ್ಲು ತುಂಬಿ ಕೊಟ್ಟರೆ ಹೇಗೆ? ಮನೆಗೆ ಬಂದು ನಾನು ಕೂಗಾಡಿದಾಗ ಅವಳು, “ದೇವರ ದೀಪಾ ಎಣ್ಣಿ ಇಲ್ಲದ ಕೊಡ್ತಾರೇನ್ರಿ?” ಎಂದು ಕೇಳಿದಳು. ಬೆಲ್ಲದ ಚೂರಿನಿಂದ ಒಬ್ಬ ಮುದುಕ ಸತ್ತನೆಂದು ಯಾರಿಗೆ ದೂರು ಕೊಡುವುದು?

ಚರ್ಚಿನಲ್ಲಿ ಪ್ರಭುದಾಸ ವಿಷಯವನ್ನು ಬಿಡಿಸಿ ಹೇಳಿದ. ಸೆಲ್ಲು ಸೋತಿದ್ದರೆ ಕ್ಯಾಸೆಟ್ಟಿನ ಪಟ್ಟಿ ಮೆಲ್ಲಗೆ ತಿರುಗುತ್ತದೆ, ಮೆಲ್ಲಗೆ ತಿರುಗಿದರೆ ದನಿ ಇಳಿಯುತ್ತದೆ, ಹುಡುಗಿ ಮುದುಕನಾಗುತ್ತಾಳೆ. ಹಿರಿಯರೊಬ್ಬರು ಯೇಸುಸ್ವಾಮಿ ಎಂದು ಎದೆ ಮುಟ್ಟಿಕೊಂಡರು. ಪಾದ್ರಿಗಳು ಮಾತ್ರ, “ಹಂಗಿದ್ರ ಹಳೇವು ಹಾಕ್ರಿ” ಎಂದರು. ಹಳೆಯವು ಇಳಕಲ್ಲಿನಲ್ಲಿ, ಮಾಳಿಗೆಯ ಮೇಲೆ, ಸಂಡಿಗೆಯ ನಡುವೆ ಇದ್ದವು. ಕೊನೆಗೆ ತೀರ್ಪು ಹೊರಬಿತ್ತು: ಪೆಟ್ಟಿಗೆ ಬೇಡ, ಡ್ರಮ್ಮು ಬೇಡ. ಅಳಿಯಂದಿರು ಗಿಟಾರು ಹಿಡಿದು ತಾವೇ ಹಾಡಲಿ, ಆದರೆ ಸೋತ ಸೆಲ್ಲಿನ ಹಾಡನ್ನೇ ಹಾಡಬೇಕು.

ಆ ಕ್ರಿಸ್ಮಸ್ಸಿಗೆ ಪ್ರಭುದಾಸ ತನ್ನ ಆಸೆಯ ಜಾಗದಲ್ಲಿ ಗಿಟಾರು ಹಿಡಿದು ನಿಂತ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಬಾವಿಯಿಂದ ಕೊಡ ಎಳೆದಂತೆ ಎಳೆದ, ಚೆನ್ನಾಗಿಯೇ ಎಳೆದ. ಪಾದ್ರಿಗಳು ಕಣ್ಣು ಒರೆಸಿಕೊಂಡರು. ಅಂದು ಅಲ್ಲಿ ಯಾರೂ ಖಾರ ಕುಟ್ಟುತ್ತಿರಲಿಲ್ಲ, ಇದನ್ನು ಕಸ್ತೂರಿ ದಯವಿಟ್ಟು ಓದಬೇಕು. ಆದರೆ ಅವನ ಬಲಗಾಲಿನ ಬೂಟು ಮಾತ್ರ ಹಾಡನ್ನು ಬಿಟ್ಟು ಬೇರೆಲ್ಲೋ ಓಡುತ್ತಿತ್ತು. ಹೊರಗೆ ಬಂದಾಗ ಅವನು ಹೇಳಿದ: “ದೋಸ್ತ, ನಿಂತೆ, ಹಾಡಿದೆ, ಎಲ್ಲಾ ಆತು. ಆದ್ರ ನಿಮ್ಮ ಮನಿ ಸೆಲ್ಲಿನ ಸಲುವಾಗಿ ಇನ್ನ ಜಲ್ಮಪೂರ್ತಿ ನಾ ದಣದಂಗ ಹಾಡಬೇಕು.” ಅಂದಿನಿಂದ ಪ್ರತಿ ಕ್ರಿಸ್ಮಸ್ಸಿಗೂ ಹಾಗೆಯೇ ಹಾಡುತ್ತಿದ್ದಾನೆ. ಮೊದಮೊದಲು ನಟಿಸಬೇಕಾಗುತ್ತಿತ್ತು, ಈಗೀಗ ತಾನಾಗಿಯೇ ಬರುತ್ತದೆ ಎನ್ನುತ್ತಾನೆ.

ಕ್ಯಾಸೆಟ್ಟು ನನ್ನಲ್ಲೇ ಉಳಿಯಿತು. ಈಗ ನಮ್ಮ ಮನೆಗೂ ಪ್ಲಗ್ಗು ಬಂದಿದೆ, ನಾನೇ ಒಂದು ರೆಕಾರ್ಡರು ಕೊಂಡಿದ್ದೇನೆ. ಪ್ಲಗ್ಗಿಗೆ ಹಾಕಿದರೆ ಆ ಹುಡುಗಿ ಬಂದು ಕುಣಿಯುತ್ತಾಳೆ. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವಳಿಗೆ ದಣಿವೆಂದರೆ ಗೊತ್ತಿಲ್ಲ. ನನ್ನ ಮುದುಕ ಬೇಕೆಂದರೆ ನಾನು ಸತ್ತ ಸೆಲ್ಲುಗಳನ್ನು ಹುಡುಕಿ ಮಾಳಿಗೆ ಹತ್ತಬೇಕು. ಹಾಗೆ ಕಳೆದ ರವಿವಾರ ಸೆಲ್ಲುಗಳನ್ನು ಸಾಲಾಗಿ ಬಿಸಿಲಿಗಿಟ್ಟು, ಇಳಿಯಲು ಮೊಣಕಾಲು ಒಪ್ಪದೆ, ಅವುಗಳ ಪಕ್ಕದಲ್ಲೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಬಟ್ಟೆ ಒಣಹಾಕಲು ಬಂದ ಕಸ್ತೂರಿ ಸೆಲ್ಲುಗಳನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಸೆಲ್ಲುಗಳನ್ನು ನೋಡಿದಳು.

“ಕೂಡ್ರಿ, ಏಳಬ್ಯಾಡ್ರಿ” ಎಂದಳು. “ಸಂಜಿಕ ಎಲ್ಲಾರೂ ಒಂದೀಟ ಹಾಡ್ತೀರಿ.”